ದೋಹಾದ ಸೋಲಿಗೆ ಮೇಳಿಗೆಯಲ್ಲಿ ಸಂತಾಪ

ನಮ್ಮ ಕಡೆ ಸಂತೋಷದ ಮನೆಗೆ ಕರೆಯದೆ ಯಾರೂ ಬರುವುದಿಲ್ಲ. ಮದುವೆಯಿದ್ದರೆ ಗಂಡ ಹೆಂಡತಿ ಇಬ್ಬರೂ ಮನೆಮನೆಗೆ ಹೋಗಬೇಕು, ಕೊಟ್ಟ ಕಾಫಿ ಕುಡಿಯಬೇಕು, ‘ಹಿಂದಿನ ದಿನವೇ ಬಂದುಬಿಡಿ’ ಎಂದು ಎರಡೆರಡು ಸಲ ಹೇಳಬೇಕು. ಒಂದೇ ಸಲ ಹೇಳಿದರೆ ‘ಬಾಯಿಮಾತಿಗೆ ಕರೆದ್ರು’ ಎಂಬ ಆಕ್ಷೇಪಣೆ ಹತ್ತು ವರ್ಷ ನಿಲ್ಲುತ್ತದೆ. ದುಃಖಕ್ಕೆ ಈ ಕಟ್ಟುಪಾಡೇ ಇಲ್ಲ. ತೋಟಕ್ಕೆ ಕೊಳೆರೋಗ ಬಿದ್ದಿದೆ, ಕರು ಹಾಕುವಾಗ ಹಸು ಹೋಯಿತು, ಮೋಟಾರು ಸುಟ್ಟಿತು ಎಂದು ಗೊತ್ತಾದರೆ ಸಾಕು, ಕತ್ತಲಾಗುವುದರೊಳಗೆ ಜಗಲಿ ತುಂಬುತ್ತದೆ. ಈ ವಿಷಯ ನನಗೆ ಮೊದಲೇ ಗೊತ್ತಿತ್ತು. ಫುಟ್‌ಬಾಲಿಗೂ ಇದು ಅನ್ವಯವಾಗುತ್ತದೆಂದು ಗೊತ್ತಾದದ್ದು ಮಾತ್ರ 2016ರಲ್ಲಿ.

ತೀರ್ಥಹಳ್ಳಿ ತಾಲ್ಲೂಕಿನ ಮೇಳಿಗೆಯನ್ನು ಹೊರಗಿನವರು ಅನಂತನಾಥ ಬಸದಿಯಿಂದ ಗುರುತಿಸುತ್ತಾರೆ; ಒಳಗಿನವರು ಮಳೆಯಿಂದ. ಫುಟ್‌ಬಾಲಿನಿಂದ ಇದನ್ನು ಯಾರೂ ಗುರುತಿಸಿದ್ದಿಲ್ಲ. ಅದಕ್ಕೆ ನಾವು ಕಾರಣರಲ್ಲ, ಭೂಗೋಳ ಕಾರಣ. ಈ ಸೀಮೆಯಲ್ಲಿ ಚಪ್ಪಟೆಯಾಗಿರುವುದೆಂದರೆ ಗದ್ದೆ ಮತ್ತು ಅಡಿಕೆ ಒಣಗಿಸುವ ಅಂಗಳ, ಎರಡೇ. ಗದ್ದೆಯಲ್ಲಿ ಕೊಯ್ಲು ಮುಗಿಯುವವರೆಗೆ ಕಾಲಿಡುವಂತಿಲ್ಲ. ಅಂಗಳದಲ್ಲಿ ಚೆಂಡು ಒದ್ದವನನ್ನು ಅಜ್ಜಿಯಂದಿರು ಒದೆಯುತ್ತಾರೆ. ಉಳಿದ ಜಾಗದಲ್ಲಿ ಒದ್ದರೆ ಚೆಂಡು ಗುಡ್ಡದಿಂದ ತೋಟಕ್ಕೆ, ತೋಟದಿಂದ ಹಳ್ಳಕ್ಕೆ, ಹಳ್ಳದಿಂದ ತುಂಗೆಗೆ ಹೋಗುತ್ತದೆ. ಮಳೆಗಾಲವಾದರೆ ಕೂಡಲಿಯಲ್ಲಿ ಭದ್ರೆಯನ್ನು ಸೇರಿಕೊಂಡು ಹೊಸಪೇಟೆ ಡ್ಯಾಮಿನಲ್ಲಿ ಸಿಕ್ಕೀತು. ಆದ್ದರಿಂದ ನಮ್ಮ ಹುಡುಗರು ಬೇಸಿಗೆಯಲ್ಲಿ ಗದ್ದೆ ಕೂಳೆ ಕೆರೆದು ಟೆನಿಸ್ ಬಾಲಿನ ಕ್ರಿಕೆಟ್ ಆಡುತ್ತಾರೆ, ಉಳಿದ ಕಾಲದಲ್ಲಿ ವಾಲಿಬಾಲ್. ವಾಲಿಬಾಲಿಗೆ ನೆಟ್ ಕಟ್ಟಲು ಎರಡು ಅಡಿಕೆ ಮರ ಸಾಕು.

ಇಂಥ ಊರಿನಲ್ಲಿ ಕುಳಿತು ನಾನು ಬೆಂಗಳೂರು ಎಫ್‌ಸಿಯ ಅಭಿಮಾನಿಯಾದದ್ದು ತಂಗಿಯ ಮಗನ ದೆಸೆಯಿಂದ. ಅವನು ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾನೆ. ಆ ಕೆಲಸದ ಬಗ್ಗೆ ಕೇಳಿದರೆ ಎರಡು ವಾಕ್ಯ ಹೇಳುತ್ತಾನೆ; ಕಂಠೀರವ ಸ್ಟೇಡಿಯಂನ ವೆಸ್ಟ್ ಬ್ಲಾಕಿನಲ್ಲಿ ನೀಲಿ ಅಂಗಿ ಹಾಕಿಕೊಂಡು ತೊಂಬತ್ತು ನಿಮಿಷ ನಿಂತೇ ಕೂಗುವುದರ ಬಗ್ಗೆ ಕೇಳಿದರೆ ತೊಂಬತ್ತು ನಿಮಿಷ ಹೇಳುತ್ತಾನೆ. 2013ರಲ್ಲಿ ಹುಟ್ಟಿದ ಕ್ಲಬ್ಬು ಮೊದಲ ಸೀಸನ್ನಿನಲ್ಲೇ ಐ-ಲೀಗ್ ಗೆದ್ದಿತು ಎಂದು ಅವನೇ ಹೇಳಿದ್ದು. ನಮ್ಮಲ್ಲಿ ಅಡಿಕೆ ಸಸಿ ನೆಟ್ಟು ಫಸಲು ಕಾಣಲು ಐದಾರು ವರ್ಷ ಕಾಯುತ್ತೇವೆ. ನೆಟ್ಟ ವರ್ಷವೇ ಕೊನೆ ಬಿಡುವ ತಳಿ ಎಂದಮೇಲೆ ಯಾವ ಬೆಳೆಗಾರನಿಗೆ ಆಸಕ್ತಿ ಬಾರದು?

2016ರ ಏಪ್ರಿಲ್ 17ರ ಭಾನುವಾರ, ಕಂಠೀರವದಲ್ಲಿ ಗೋವಾದ ಸಾಲ್ಗಾಂವ್ಕರ್ ತಂಡವನ್ನು 2-0 ಅಂತರದಲ್ಲಿ ಸೋಲಿಸಿ ಬೆಂಗಳೂರು ಎಫ್‌ಸಿ ಎರಡನೆಯ ಸಲ ಐ-ಲೀಗ್ ಚಾಂಪಿಯನ್ ಆಯಿತು. ಮೂರು ಸೀಸನ್ನಿನಲ್ಲಿ ಎರಡು ಲೀಗು, ನಡುವೆ ಒಂದು ಫೆಡರೇಷನ್ ಕಪ್. ಕೋಲ್ಕತ್ತದ ನೂರು ವರ್ಷ ದಾಟಿದ ಕ್ಲಬ್ಬುಗಳು ಬಾಯಮೇಲೆ ಬೆರಳಿಟ್ಟುಕೊಂಡಿದ್ದವು. ಮರುದಿನ ಪೇಟೆಯಿಂದ ಒಂದು ಕಿಲೋ ಮೈಸೂರುಪಾಕು ತಂದು ಹಂಚಿದೆ. ಮೊದಲು ತೆಗೆದುಕೊಂಡವರು ‘ಮಗಳಿಗೆ ಗಂಡು ಗೊತ್ತಾಯ್ತಾ?’ ಎಂದರು. ನನಗೆ ಮಗಳಿಲ್ಲ. ಎರಡನೆಯವರು ‘ಸೊಸೈಟಿ ಸಾಲ ಮನ್ನಾ ಆಯ್ತಾ?’ ಎಂದರು. ಫುಟ್‌ಬಾಲು ಎಂದೊಡನೆ ಇಬ್ಬರ ಮುಖವೂ ಸಿಹಿಯಲ್ಲಿ ಏನೋ ಕಡಿಮೆಯಾದಂತೆ ಆಯಿತು.

ಅವರದ್ದೂ ತಪ್ಪಲ್ಲ. ಭಾನುವಾರ ಅದೇ ರಾತ್ರಿ ಕಬ್ಬನ್ ಪಾರ್ಕಿನ ಇನ್ನೊಂದು ಮಗ್ಗುಲಿನ ಚಿನ್ನಸ್ವಾಮಿ ಸ್ಟೇಡಿಯಂನಲ್ಲಿ ಆರ್‌ಸಿಬಿ 191 ರನ್ ಹೊಡೆದೂ ಡೆಲ್ಲಿಯ ಎದುರು ಸೋತಿತ್ತು. ಕ್ವಿಂಟನ್ ಡಿ ಕಾಕ್ ಎಂಬಾತ ಶತಕ ಹೊಡೆದು ಮೇಳಿಗೆಯ ಮನೆಮನೆಯಲ್ಲೂ ಊಟ ಕೆಡಿಸಿದ್ದ. ಪಾರ್ಕಿನ ಒಂದು ಬದಿ ಕಪ್ಪು, ಇನ್ನೊಂದು ಬದಿ ಕಣ್ಣೀರು. ಊರು ನೋಡಿದ್ದು ಕಣ್ಣೀರಿನ ಬದಿಯನ್ನು. ‘ಬೆಂಗಳೂರು ಗೆದ್ದಿತು’ ಎಂದು ನಾನು ಹೇಳಿದರೆ ‘ನಿಮ್ಗೆ ಟೀವಿ ಸರಿ ಕಾಣಲ್ವಾ?’ ಎಂದು ಕೇಳಿದವರಿದ್ದಾರೆ. ಭಾವನವರಂತೂ ಒಂದು ಹೆಜ್ಜೆ ಮುಂದೆ ಹೋಗಿ, ‘ಆ ಟೀಮಲ್ಲಿ ಕನ್ನಡದವರು ಎಷ್ಟು ಜನ ಮಾರಾಯ?’ ಎಂದರು. ನಾಯಕ ಸುನಿಲ್ ಛೇಟ್ರಿ ಹುಟ್ಟಿದ್ದು ಸಿಕಂದರಾಬಾದಿನಲ್ಲಿ, ಯೂಜೀನ್ಸನ್ ಲಿಂಗ್ಡೊ ಶಿಲ್ಲಾಂಗಿನವನು, ಸಿ.ಕೆ. ವಿನೀತ್ ಕಣ್ಣೂರಿನವನು, ಜಾನ್ ಜಾನ್ಸನ್ ಇಂಗ್ಲೆಂಡಿನವನು. ನಿಜ ಹೇಳಿ ಗೆಲ್ಲುವ ಹಾಗಿರಲಿಲ್ಲ. ‘ಕ್ರಿಸ್ ಗೇಲ್ ಎಂತ, ಹೆಗ್ಗೋಡಿನವನಾ?’ ಎಂದೆ. ಅಲ್ಲಿಗೆ ಆ ಚರ್ಚೆ ಮುಗಿಯಿತು. ಮೈಸೂರುಪಾಕು ಉಳಿಯಿತು. ಅದನ್ನು ಇರುವೆಗಳು ಯಾವ ಪ್ರಶ್ನೆಯನ್ನೂ ಕೇಳದೆ ತಿಂದವು.

ದೇಶದೊಳಗೆ ಗೆದ್ದ ತಂಡಕ್ಕೆ ದೇಶದ ಹೊರಗೂ ಆಟವಿರುತ್ತದೆ ಎನ್ನುವುದು ಫುಟ್‌ಬಾಲಿನ ವೈಶಿಷ್ಟ್ಯ. ಯುರೋಪಿನಲ್ಲಿ ವಾರದ ಕೊನೆಗೆ ಮನೆಯ ಲೀಗು, ವಾರದ ನಡುವೆ ಖಂಡದ ಟೂರ್ನಿ. 2006ರಲ್ಲಿ ಬಾರ್ಸಿಲೋನಾ ಸ್ಪೇನಿನ ಲೀಗನ್ನೂ ಗೆದ್ದು, ಪ್ಯಾರಿಸ್ಸಿನಲ್ಲಿ ಆರ್ಸೆನಲ್ ತಂಡವನ್ನು 2-1ರಿಂದ ಮಣಿಸಿ ಚಾಂಪಿಯನ್ಸ್ ಲೀಗನ್ನೂ ಮನೆಗೆ ಒಯ್ದಿತು. ಅಂದು ಕೋಚ್ ಫ್ರಾಂಕ್ ರೈಕಾರ್ಡ್ ಜೊತೆಗಿದ್ದ ಸಹಾಯಕರಲ್ಲಿ ಆಲ್ಬರ್ಟ್ ರೋಕಾ ಒಬ್ಬರು. ಅದೇ ರೋಕಾ ಹತ್ತು ವರ್ಷದ ಮೇಲೆ, 2016ರ ಜುಲೈನಲ್ಲಿ, ಆಶ್ಲೇ ವೆಸ್ಟ್‌ವುಡ್ ಬಿಟ್ಟುಹೋದ ಜಾಗಕ್ಕೆ ಬೆಂಗಳೂರಿಗೆ ಬಂದರು. ನಮ್ಮವರ ಖಂಡದ ಟೂರ್ನಿಯ ಹೆಸರು ಆಗ ಎಎಫ್‌ಸಿ ಕಪ್. ಅದು ಏಷ್ಯಾದ ಎರಡನೆಯ ದರ್ಜೆಯದು ಎಂದು ತಂಗಿಯ ಮಗ ತಗ್ಗಿದ ದನಿಯಲ್ಲಿ ಹೇಳಿದ. ನಾನು ಸಮಾಧಾನ ಮಾಡಿದೆ: ಎರಡನೇ ದರ್ಜೆ ಅಡಿಕೆಯನ್ನೇ ಮಾರಿ ನಾವು ಮನೆ ಕಟ್ಟಿಸಿಲ್ಲವೆ?

ಈ ಟೂರ್ನಿಯಲ್ಲಿ ನನಗೊಂದು ಸ್ವಂತ ಹಿತಾಸಕ್ತಿಯೂ ಇತ್ತು. ಗುಂಪಿನಲ್ಲಿ ಲಾವೋಸಿನ ಲಾವೋ ಟೊಯೋಟ ಇತ್ತು, ಮಲೇಷ್ಯಾದ ಜೊಹೋರ್ ಇತ್ತು, ಮತ್ತು ಬರ್ಮಾದ ಐರಾವದಿ ಯುನೈಟೆಡ್ ಇತ್ತು. ಬರ್ಮಾ! 2014ರಲ್ಲಿ ಗಗನಕ್ಕೇರಿದ್ದ ಅಡಿಕೆ ಧಾರಣೆ ಆಮೇಲೆ ಇಳಿಯುತ್ತ ಬಂದದ್ದಕ್ಕೆ ನಮ್ಮ ಮಂಡಿಯ ಮುಂದೆ ಸಿಗುತ್ತಿದ್ದ ವಿವರಣೆ ಒಂದೇ: ಈಶಾನ್ಯದ ಗಡಿಯಲ್ಲಿ ಕದ್ದು ನುಗ್ಗುವ ಬರ್ಮಾ ಅಡಿಕೆ. ಕಂಠೀರವದಲ್ಲಿ ನಮ್ಮವರು ಐರಾವದಿಯನ್ನು ಸೋಲಿಸಿದ ರಾತ್ರಿ ನಾನು ಒಬ್ಬನೇ ಟೀವಿ ಮುಂದೆ ಎದ್ದು ನಿಂತು ಚಪ್ಪಾಳೆ ಹೊಡೆದೆ. ಆ ಹನ್ನೊಂದು ಹುಡುಗರಲ್ಲಿ ಯಾರೂ ಒಂದು ಗೋಟಡಿಕೆಯನ್ನೂ ಗಡಿ ದಾಟಿಸಿರಲಾರರು. ಆದರೂ ಗಡಿಯಲ್ಲಿ ಆಗದ ನ್ಯಾಯ ಮೈದಾನದಲ್ಲಾದರೂ ಆಯಿತಲ್ಲ.

ಆಮೇಲೆ ಹಾಂಗ್‌ಕಾಂಗಿಗೆ ಹೋಗಿ ಕಿಚೀ ತಂಡವನ್ನು 3-2ರಿಂದ, ಕ್ವಾರ್ಟರ್ ಫೈನಲ್ಲಿನಲ್ಲಿ ಸಿಂಗಪುರದ ಟ್ಯಾಂಪಿನೀಸ್ ರೋವರ್ಸ್ ತಂಡವನ್ನು ಬೆಂಗಳೂರಿನ ಒಂದೇ ಗೋಲಿನಿಂದ ದಾಟಿದರು. ಸೆಮಿಫೈನಲ್ಲಿಗೆ ಮತ್ತೆ ಅದೇ ಜೊಹೋರ್ ದಾರುಲ್ ತಾಜಿಮ್. ಅದು ರಾಜಮನೆತನದ ಕ್ಲಬ್ಬು, ಹಿಂದಿನ ವರ್ಷದ ಎಎಫ್‌ಸಿ ಕಪ್ ವಿಜೇತ, ಮೇಲಾಗಿ 2015ರ ಫೆಬ್ರವರಿಯಲ್ಲಿ ನಮ್ಮವರನ್ನು ಚಾಂಪಿಯನ್ಸ್ ಲೀಗಿನ ಹೊಸ್ತಿಲಿನಿಂದಲೇ ಹೊರದಬ್ಬಿದ್ದ ತಂಡ. ಅವರ ಮನೆಯಲ್ಲಿ 1-1. ಅಕ್ಟೋಬರ್ 19ರಂದು ಕಂಠೀರವದಲ್ಲಿ ಎರಡನೆಯ ಪಂದ್ಯ. ನನಗೆ ಅದೇ ವಾರ ಬೆಂಗಳೂರಿನಲ್ಲಿ ಕಣ್ಣು ತೋರಿಸಿಕೊಳ್ಳುವ ಅಗತ್ಯ ಬಿತ್ತು. ಮನೆಯವಳು ‘ತೀರ್ಥಹಳ್ಳಿಯಲ್ಲಿ ಕಣ್ಣಿನ ಡಾಕ್ಟರು ಸತ್ತುಹೋದ್ರಾ?’ ಎಂದು ಕೇಳಿದ್ದನ್ನು ಕೇಳಿಸಿಕೊಳ್ಳದೆ ರಾತ್ರಿ ಬಸ್ಸು ಹತ್ತಿದೆ.

ವೆಸ್ಟ್ ಬ್ಲಾಕಿನಲ್ಲಿ ಕೂರುವುದಕ್ಕೆ ಕುರ್ಚಿಯಿದೆ, ಕೂರುವ ಪದ್ಧತಿಯಿಲ್ಲ. ಅಡ್ಡಮಳೆಯಲ್ಲಿ ತೋಟ ತಿರುಗಿದ ಕಾಲುಗಳು ನನ್ನವು, ನಿಂತೆ. ಹನ್ನೊಂದನೆಯ ನಿಮಿಷಕ್ಕೆ ಜೊಹೋರ್‌ನ ಸಫೀಕ್ ರಹೀಮ್ ಗೋಲು ಹೊಡೆದ. ಸುತ್ತಲಿನ ಹುಡುಗರು ಸುಮ್ಮನಾಗಬಹುದೆಂದು ನೋಡಿದರೆ ಇನ್ನೂ ಜೋರಾಗಿ ಹಾಡಿದರು. ಸೋಲುವಾಗ ಹಾಡುವ ಜನವನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ನಲವತ್ತೊಂದನೆಯ ನಿಮಿಷದಲ್ಲಿ ಛೇಟ್ರಿ ತಲೆಯಿಂದ ಒಂದು, ಅರವತ್ತೇಳನೆಯ ನಿಮಿಷದಲ್ಲಿ ದೂರದಿಂದ ಕಾಲಲ್ಲಿ ಇನ್ನೊಂದು, ಆಮೇಲೆ ಸ್ಪೇನಿನ ಹುವಾನನ್ ತಲೆಯಿಂದ ಮೂರನೆಯದು. 3-1. ಭಾರತದ ಯಾವ ಕ್ಲಬ್ಬೂ ಅದಕ್ಕೆ ಮೊದಲು ಎಎಫ್‌ಸಿ ಕಪ್ ಫೈನಲ್ ತಲುಪಿರಲಿಲ್ಲ. ಡೆಂಪೊ, ಈಸ್ಟ್ ಬೆಂಗಾಲ್ ಸೆಮಿಯಲ್ಲೇ ನಿಂತಿದ್ದವು. ಪರಿಚಯವಿಲ್ಲದ ಒಬ್ಬ ಗಡ್ಡದ ಹುಡುಗ ನನ್ನನ್ನು ಎತ್ತಿ ಇಳಿಸಿದ. ನನ್ನನ್ನು ಕೊನೆಯ ಸಲ ಯಾರಾದರೂ ಎತ್ತಿಕೊಂಡದ್ದು ಚೌಲದ ದಿನ ಇರಬೇಕು.

ಇಷ್ಟು ದೊಡ್ಡ ಸಂಗತಿಯನ್ನು ಹೊತ್ತು ಊರಿಗೆ ಬಂದೆ. ‘ಕಣ್ಣು ಎಂತ ಹೇಳಿದ್ರು?’ ಎಂದಷ್ಟೇ ಎಲ್ಲರೂ ಕೇಳಿದರು.

ಫೈನಲ್ ನವೆಂಬರ್ 5ರ ಶನಿವಾರ, ಕತಾರಿನ ದೋಹಾದಲ್ಲಿ. ಎದುರಾಳಿ ಇರಾಕಿನ ಏರ್ ಫೋರ್ಸ್ ಕ್ಲಬ್. ನಮ್ಮಲ್ಲಿ ಆಗ ಅಡಿಕೆ ಸುಲಿತದ ಕಾಲ. ಊಟ ಮುಗಿಸಿ ಹೆಂಗಸರು ಗಂಡಸರು ಎಲ್ಲ ಜಗಲಿಯಲ್ಲಿ ಮೆಟ್ಟುಗತ್ತಿ ಇಟ್ಟುಕೊಂಡು ಕೂತರೆ ನಡುರಾತ್ರಿಯವರೆಗೆ ಕೆಲಸ. ದಿನವೂ ನೋಡುವ ಧಾರಾವಾಹಿ ಶನಿವಾರ ಇರಲಿಲ್ಲವಾದ್ದರಿಂದ ಟೀವಿಯನ್ನು ಫುಟ್‌ಬಾಲಿಗೆ ತಿರುಗಿಸಲು ಯಾರ ವಿರೋಧವೂ ಬರಲಿಲ್ಲ. ಹೀಗೆ ಮೇಳಿಗೆಯಲ್ಲಿ ನನಗೆ ಮೊದಲ ಬಾರಿಗೆ ಜೊತೆ ಸಿಕ್ಕಿತು. ಅವರ ಕಣ್ಣು ಟೀವಿಯ ಮೇಲೆ, ಕೈ ಅಡಿಕೆಯ ಮೇಲೆ. ಒಬ್ಬರ ಬೆರಳೂ ಕೊಯ್ಯಲಿಲ್ಲ.

ಪ್ರಶ್ನೆಗಳು ಬಂದವು. ‘ವಿಮಾನದ ಮಿಲಿಟ್ರಿಯವರ ಮೇಲೆ ನಮ್ಮವರು ಆಡೋದಾ? ಕಷ್ಟ ಉಂಟು.’ ‘ಆ ಬಲೆ ಹತ್ರ ಒಬ್ಬ ಸುಮ್ನೆ ನಿಂತಿದ್ದಾನಲ್ಲ, ಅವನಿಗೂ ಓಡೋರಿಗೂ ಒಂದೇ ಸಂಬಳವಾ?’ ಡಬ್ಬಿ ಲೆಕ್ಕದಲ್ಲಿ ಕೂಲಿ ಪಡೆಯುವವರ ಪ್ರಶ್ನೆ ಇದು, ಸುಲಭಕ್ಕೆ ಬಿಡುವಂಥದಲ್ಲ. ಆ ನಿಂತವನು ಲಾಲ್‌ತುಆಮ್ಮಾವಿಯಾ ರಾಲ್ಟೆ. ಖಾಯಂ ಗೋಲಿ ಅಮರಿಂದರ್ ಸಿಂಗ್ ಹಳದಿ ಕಾರ್ಡಿನ ಲೆಕ್ಕದಲ್ಲಿ ಹೊರಗುಳಿದಿದ್ದರಿಂದ ಬದಲಿಗೆ ಬಂದವನು ಎಂದೆ. ‘ಬದಲಿಯವನಾ? ಹಾಗಾದ್ರೆ ಬಯ್ಯಬಾರ್ದು’ ಎಂದು ಅವನಿಗೆ ಸರ್ವಾನುಮತದ ರಕ್ಷಣೆ ಸಿಕ್ಕಿತು. ಆಫ್‌ಸೈಡನ್ನು ವಿವರಿಸಲು ನಾನು ಅಡಿಕೆಗಳನ್ನು ನೆಲದ ಮೇಲೆ ಸಾಲಾಗಿ ಜೋಡಿಸುತ್ತಿದ್ದೆ. ಒಬ್ಬಾಕೆ ತಲೆ ಎತ್ತದೆ, ‘ಮರದ ಮೇಲಿನವ ಕೊನೆ ಬಿಡೋ ಮುಂಚೆ ಕೆಳಗಿನವ ಮುಂದೆ ಹೋಗಿ ನಿಲ್ಲಬಾರ್ದು, ಅಷ್ಟೇ ಅಲ್ದಾ?’ ಎಂದಳು. ಕೋಟು ತೊಟ್ಟು ಟೀವಿಯಲ್ಲಿ ಕೂರುವ ತಜ್ಞರಿಗೆ ಇದನ್ನು ಕಳಿಸಿಕೊಡಬೇಕು.

ತೊಂದರೆ ಬಂದದ್ದು ಮುಳುಗಡೆ ಅಜ್ಜನಿಂದ. ಲಿಂಗನಮಕ್ಕಿ ತುಂಬಿ ಶರಾವತಿ ಕಣಿವೆಯ ಊರುಗಳು ನೀರಿಗೆ ಹೋದಾಗ ಅಪ್ಪನ ಹೆಗಲ ಮೇಲೆ ಕೂತು ಹೊರಟು ಬಂದವರು. ಪಂದ್ಯ ಇರಾಕಿನಲ್ಲಿ ಯಾಕಿಲ್ಲ, ಬೆಂಗಳೂರಿನಲ್ಲಿ ಯಾಕಿಲ್ಲ, ಈ ಮೂರನೆಯ ಊರು ಯಾಕೆ ಎಂದು ಕೇಳಿದರು. ಇರಾಕಿನಲ್ಲಿ ಯುದ್ಧ, ಮೊಸುಲ್ ಪಟ್ಟಣದಲ್ಲಿ ಈಗಲೂ ಗುಂಡು ಹಾರುತ್ತಿದೆ; ಅಲ್ಲಿನ ತಂಡಗಳು ಇಂಥ ಪಂದ್ಯಗಳನ್ನು ತಮ್ಮ ನೆಲದಲ್ಲಿ ಆಡುವಂತಿಲ್ಲ, ಹೊರಗಿನ ಅಂಗಳವನ್ನೇ ಮನೆ ಎಂದುಕೊಂಡು ಆಡುತ್ತಾರೆ ಎಂದೆ. ಅಜ್ಜ ಸ್ವಲ್ಪ ಹೊತ್ತು ಸುಲಿದರು. ಆಮೇಲೆ, ‘ಹಾಗಾದ್ರೆ ನಾನು ಅವರ ಕಡೆ’ ಎಂದರು. ಅವರನ್ನು ಬದಲಿಸಲು ನೋಡಿದೆ. ಛೇಟ್ರಿಯ ಬಗ್ಗೆ, ಕಂಠೀರವದ ಬಗ್ಗೆ, ಕನ್ನಡದ ಬಗ್ಗೆ ಹೇಳಿದೆ. ‘ನಿಮ್ಮವರಿಗೆ ಹೋಗ್ಲಿಕ್ಕೆ ಮನೆ ಉಂಟಲ್ಲ’ ಎಂದರು. ಇದಕ್ಕೆ ನನ್ನ ಹತ್ತಿರ ಕ್ರಿಸ್ ಗೇಲ್ ಮಟ್ಟದ ಉತ್ತರವಿರಲಿಲ್ಲ.

ಎಪ್ಪತ್ತೊಂದನೆಯ ನಿಮಿಷದಲ್ಲಿ ಹಮ್ಮಾದಿ ಅಹ್ಮದ್ ಗೋಲು ಹೊಡೆದ. ಆ ಟೂರ್ನಿಯಲ್ಲಿ ಅವನದು ಹದಿನಾರನೆಯದು. ಆಮೇಲೆ ನಮ್ಮವರು ಏನು ಮಾಡಿದರೂ ಚೆಂಡು ಒಳಗೆ ಹೋಗಲಿಲ್ಲ. 1-0. ಇರಾಕಿನ ಕ್ಲಬ್ಬೊಂದು ಎಎಫ್‌ಸಿ ಕಪ್ ಗೆದ್ದದ್ದು ಅದೇ ಮೊದಲು. ಅಜ್ಜ ಸಂಭ್ರಮಿಸಲಿಲ್ಲ, ಎಲೆ ಅಡಿಕೆ ಹಾಕಿಕೊಂಡರು. ಉಳಿದವರೆಲ್ಲ ನನ್ನ ಮುಖ ನೋಡಿ, ಡಬ್ಬಿ ಅಳೆಸಿಕೊಂಡು, ಎಂದಿಗಿಂತ ಮೆಲ್ಲಗೆ ಮಾತಾಡುತ್ತ ಮನೆಗೆ ಹೋದರು.

ಭಾನುವಾರ ಬೆಳಿಗ್ಗೆಯಿಂದ ಜನ ಬರತೊಡಗಿದರು.

ಸುಲಿತದವರ ಬಾಯಿಂದ ಸುದ್ದಿ ಹೊರಟಿತ್ತು; ದಾರಿಯಲ್ಲಿ ಸ್ವಲ್ಪ ಬೆಳೆದಿತ್ತು. ಮೊದಲು ಬಂದವರು ‘ಸೋತ್ರಂತಲ್ಲ, ಪಾಪ’ ಎಂದರು. ಎರಡನೆಯವರು ‘ದೋಹಾದಲ್ಲಿ ನಿಮ್ಮವರಿಗೆ ಹೊಡೆತ ಬಿತ್ತಂತೆ’ ಎಂದರು. ಮಧ್ಯಾಹ್ನದ ಹೊತ್ತಿಗೆ ಅದು ‘ಗಲ್ಫಲ್ಲಿ ಭಾರೀ ಲಾಸಂತೆ’ ಆಗಿ, ಸಂಜೆ ಬಂದ ಹಿರಿಯರೊಬ್ಬರು ನನ್ನನ್ನು ತುಳಸಿಕಟ್ಟೆಯ ಆಚೆ ಕರೆದುಕೊಂಡು ಹೋಗಿ, ‘ಏನೇ ಆಗ್ಲಿ, ಕೆಳಗಿನ ತೋಟ ಮಾತ್ರ ಮಾರಬೇಡ’ ಎಂದರು. ನಾನು ವಿವರಿಸಿದೆ. ‘ಗೊತ್ತು, ಗೊತ್ತು, ಎಲ್ಲರಿಗೂ ಹೇಳ್ಕೊಳ್ಳೋ ವಿಷಯ ಅಲ್ಲ’ ಎಂದು ಬೆನ್ನು ಸವರಿದರು. ಭಾವನವರು ಸೋಮವಾರ ಬಂದರು. ವಿಷಯ ಸರಿಯಾಗಿ ತಿಳಿದು ಬಂದವರು ಅವರೊಬ್ಬರೇ. ‘ಆರ್‌ಸಿಬಿಯೂ ಫೈನಲ್ಲಿ ಸೋಲ್ತು, ನಿಮ್ಮದೂ ಸೋಲ್ತು. ಈಗ ನಿಜವಾಗ್ಲೂ ಬೆಂಗಳೂರು ಟೀಮ್ ಅನ್ನಿಸ್ತು ನೋಡು’ ಎಂದರು. ಮೇ 29ರಂದು ಚಿನ್ನಸ್ವಾಮಿಯಲ್ಲಿ ಹೈದರಾಬಾದಿನೆದುರು ಎಂಟು ರನ್ನಿನಿಂದ ಸೋತ ನೋವು ಅವರಿಗಿನ್ನೂ ಆರಿರಲಿಲ್ಲ. ಇಬ್ಬರೂ ಅವಲಕ್ಕಿ ತಿಂದೆವು. ಅಂದಿನಿಂದ ಅವರು ಛೇಟ್ರಿಯನ್ನು ‘ನಮ್ಮ ಛೇಟ್ರಿ’ ಎನ್ನುತ್ತಾರೆ.

ಮನೆಯವಳ ಲೆಕ್ಕ ಬೇರೆ. ‘ಲೀಗ್ ಗೆದ್ದಾಗ ಒಬ್ಬ ನರಪಿಳ್ಳೆ ಬರ್ಲಿಲ್ಲ, ಸೋತದ್ದಕ್ಕೆ ಎಷ್ಟು ಹಾಲು ಖರ್ಚಾಯ್ತು ಗೊತ್ತಾ?’ ಎಂದಳು. ಇನ್ನು ಮುಂದೆ ಗೆಲ್ಲುವ ತಂಡಕ್ಕೇ ಬೆಂಬಲ ಕೊಡಬೇಕೆಂದೂ, ಅದೇ ಖರ್ಚು ಕಡಿಮೆಯೆಂದೂ ತೀರ್ಮಾನಿಸಿದಳು.

ಮಂಗಳವಾರವೂ ನಾಲ್ಕಾರು ಜನ ಬರುವವರಿದ್ದರು. ಅವತ್ತು ನವೆಂಬರ್ 8. ರಾತ್ರಿ ಎಂಟಕ್ಕೆ ಪ್ರಧಾನಿ ಟೀವಿಯಲ್ಲಿ ಬಂದು ಐನೂರರ, ಸಾವಿರದ ನೋಟು ನಡುರಾತ್ರಿಯಿಂದ ನಡೆಯುವುದಿಲ್ಲ ಎಂದರು. ಜಗಲಿಯಲ್ಲಿ ಮೆಟ್ಟುಗತ್ತಿಗಳು ಒಮ್ಮೆಗೇ ನಿಂತವು. ಮರುದಿನದಿಂದ ನನ್ನ ದುಃಖವನ್ನು ಯಾರೂ ಕೇಳಲಿಲ್ಲ. ಎಲ್ಲರಿಗೂ ಅವರವರದು ಬಂದಿತ್ತು. ಸುಲಿತದ ಕೂಲಿಗೆಂದು ನಾನು ತಂದಿಟ್ಟ ಕಟ್ಟಿನಲ್ಲಿ ಇದ್ದದ್ದೆಲ್ಲ ಐನೂರರವು. ಕೊಡಲು ನನಗೆ ಮುಖವಿಲ್ಲ, ತೆಗೆದುಕೊಳ್ಳಲು ಅವರಿಗೆ ಮನಸ್ಸಿಲ್ಲ. ಮುಳುಗಡೆ ಅಜ್ಜ ಮಾತ್ರ ಕಟ್ಟನ್ನೊಮ್ಮೆ ನೋಡಿ, ಗಾಬರಿಯಿಂದ ಕೇಳಿದರು:

‘ಅಲ್ಲ ಮಾರಾಯ್ರೆ, ಶನಿವಾರ ಗೆದ್ದ ಆ ಇರಾಕಿನವರಿಗೆ ಬಹುಮಾನದ ದುಡ್ಡು ಯಾವ ನೋಟಲ್ಲಿ ಕೊಟ್ಟಿರಬಹುದು?’