ಅಜ್ಜಯ್ಯನ ಗಲ್ಲಾ, ಮೊಮ್ಮಗಳ ವ್ಯವಸಾಯ

ಮಾಜಿವಾಡಾ ನಾಕಾದಲ್ಲಿ ಮುಂಬಯಿಯಿಂದ ಬರುವ ಈಸ್ಟರ್ನ್ ಎಕ್ಸ್‌ಪ್ರೆಸ್ ಹೈವೇ, ನಾಸಿಕಕ್ಕೆ ಹೊರಟ ಹೆದ್ದಾರಿ, ಘೋಡ್‌ಬಂದರ್ ರೋಡು ಮೂರೂ ಒಂದರ ಮೈಮೇಲೊಂದು ಬಿದ್ದಂತೆ ಸೇರುತ್ತವೆ. ಇಲ್ಲಿ ರಸ್ತೆ ದಾಟುವವರು ಕುಲದೇವರನ್ನು ನೆನೆಯುತ್ತಾರೆ. ಈ ನಾಕಾದ ಹತ್ತಿರದ ಸೊಸೈಟಿಯೊಂದರ ನಾಲ್ಕನೇ ಮಾಳಿಗೆಯಲ್ಲಿ ಕುಂದಾಪುರ ಕಡೆಯ ಕುಟುಂಬವೊಂದಿದೆ. ಆ ಮನೆಯ ಹುಡುಗಿ ನೀಟ್ ಬರೆದು ಆಕ್ಯುಪೇಷನಲ್ ಥೆರಪಿಗೆ ಸೇರಿದ ದಿನ ಮನೆಯೊಳಗೂ ಅಂಥದ್ದೇ ಟ್ರಾಫಿಕ್ ಜಾಮ್ ಆಯಿತು. ಈ ಸಲ ಅಡ್ಡಡ್ಡ ನಿಂತದ್ದು ಕನ್ನಡ, ಮರಾಠಿ, ಇಂಗ್ಲಿಷು.

ಆಕ್ಯುಪೇಷನಲ್ ಥೆರಪಿಗೆ ಮರಾಠಿಯಲ್ಲಿ ವ್ಯವಸಾಯೋಪಚಾರ ಎನ್ನುತ್ತಾರೆ. ಮರಾಠಿಯವರಿಗೆ ವ್ಯವಸಾಯ ಎಂದರೆ ಕಸುಬು, ವ್ಯಾಪಾರ. ಕನ್ನಡದವರಿಗೆ ವ್ಯವಸಾಯ ಎಂದರೆ ನೇಗಿಲು, ಗೊಬ್ಬರ, ಗದ್ದೆ. ಅಜ್ಜಯ್ಯ ಕನ್ನಡಕ ಏರಿಸಿ ಆ ಪದವನ್ನು ಅಕ್ಷರಕ್ಷರ ಬಿಡಿಸಿ ಓದಿದರು. ನಲವತ್ತು ವರ್ಷ ಥಾಣೆ ಸ್ಟೇಷನ್ ಬಳಿಯ ಹೋಟೆಲಿನ ಗಲ್ಲಾದಲ್ಲಿ ಕೂತವರು. ಮರಾಠಿ ಅವರಿಗೆ ನೀರು ಕುಡಿದಷ್ಟು ಸಲೀಸು. ಆದರೆ ಮೊಮ್ಮಗಳ ವಿಷಯಕ್ಕೆ ಬಂದಾಗ ತಲೆ ಸೀದಾ ಊರಿಗೇ ಹೋಯಿತು.

"ವ್ಯವಸಾಯ ಕಲೀಲಿಕ್ಕೆ ಕಾಲೇಜು ಎಂತಕ್ಕೆ ಮಾರಾಯ್ತಿ? ಊರಲ್ಲಿ ಗದ್ದೆ ಹಡಿಲು ಬಿದ್ದಿದೆ, ಅಲ್ಲಿಗೆ ಹೋಗು."

ಅಮ್ಮ ಇದನ್ನು ಸರಿಮಾಡಲು ಕನ್ನಡದ ಹೆಸರು ಹುಡುಕಿ ತಂದರು: ಔದ್ಯೋಗಿಕ ಚಿಕಿತ್ಸೆ. ಅದನ್ನೇ ಪಕ್ಕದ ಫ್ಲಾಟಿನ ಮರಾಠಿ ಕಾಕುವಿಗೂ ಹೇಳಿದರು. ಮರಾಠಿಯಲ್ಲಿ ಔದ್ಯೋಗಿಕ ಎಂದರೆ ಕೈಗಾರಿಕೆಯದ್ದು. ಐಟಿಐಗೆ ಅಲ್ಲಿ ಔದ್ಯೋಗಿಕ ಪ್ರಶಿಕ್ಷಣ ಸಂಸ್ಥಾ ಎಂದೇ ಬೋರ್ಡು. ಕಾಕು ಸಮಾಧಾನದ ಉಸಿರು ಬಿಟ್ಟು, "ಒಳ್ಳೆಯದಾಯಿತು ಬಿಡಿ, ವಾಗ್ಳೆ ಎಸ್ಟೇಟು ಹತ್ತಿರವೇ ಇದೆ" ಎಂದರು. ಹೀಗೆ ಮರಾಠಿ ಪದ ಹುಡುಗಿಯನ್ನು ಗದ್ದೆಗೆ ಅಟ್ಟಿತು, ಕನ್ನಡ ಪದ ಕಾರ್ಖಾನೆಗೆ.

ಇಂಗ್ಲಿಷಾದರೂ ಕಾಪಾಡಿತೇ? ಡೊಂಬಿವಲಿಯಲ್ಲಿ ನಡೆದ ಮದುವೆಯೊಂದರಲ್ಲಿ ದೊಡ್ಡಮ್ಮ ಕೇಳಿದರು: "ಆಕ್ಯುಪೇಷನ್ ಅಂದ್ರೆ ಉದ್ಯೋಗ, ಅಲ್ದಾ? ಉದ್ಯೋಗ ಇಲ್ಲದವರಿಗೆ ಕೊಡುವ ಔಷಧವಾ? ಹಾಗಾದರೆ ನಮ್ಮ ಮಾಣಿಯನ್ನೂ ಕಳಿಸ್ತೇನೆ, ಇಂಜಿನಿಯರಿಂಗ್ ಮುಗಿಸಿ ಎರಡು ವರ್ಷದಿಂದ ಸೋಫಾದ ಮೇಲೇ ಇದ್ದಾನೆ." ಹಾಗಲ್ಲ, ಪಾರ್ಶ್ವವಾಯು ಬಡಿದವರಿಗೆ, ಕೈ ಮುರಿದವರಿಗೆ, ಆಟಿಸಂ ಇರುವ ಮಕ್ಕಳಿಗೆ ಅಂತ ವಿವರಿಸಿದರೆ, "ಹಾಗೆ ಹೇಳು, ಫಿಸಿಯೋ!" ಎಂದು ಮೊಣಕಾಲನ್ನು ಮುಂದೆ ಚಾಚಿದರು. ಈ ಕೋರ್ಸಿನವರು ಪದವಿ ಪಡೆಯುವ ಹೊತ್ತಿಗೆ ನೂರು ಮೊಣಕಾಲುಗಳನ್ನಾದರೂ ನಯವಾಗಿ ಹಿಂದಕ್ಕೆ ತಳ್ಳಿರುತ್ತಾರೆ. "ಇದು ಮಣಿಪಾಲದಲ್ಲೇ ಉಂಟಲ್ಲ" ಎಂಬ ಮಾತು ಊಟದ ಪಂಕ್ತಿಯಲ್ಲಿ ಎದ್ದಿತು. ಹೌದು, ಉಂಟು. ಪರೇಲಿನ ಕೆಇಎಂ, ಸಾಯನ್, ನಾಯರ್ ಆಸ್ಪತ್ರೆಗಳ ಕಾಲೇಜುಗಳಲ್ಲೂ ಉಂಟು. ಆದರೆ ಮಾಜಿವಾಡಾದವರು ಕಾಲೇಜು ಆರಿಸುವುದು ಲೋಕಲ್ ಟ್ರೇನಿನ ನಕ್ಷೆ ನೋಡಿ.

ಹೆಸರಿನ ಗೋಳು ಈಕೆಯೊಬ್ಬಳದ್ದಲ್ಲ. ವಿದ್ಯೆ ಹುಟ್ಟಿದ ಕಡೆಯೂ ನೇಗಿಲು ಮತ್ತು ಕಾರ್ಖಾನೆ ಬೆರೆತೇ ಇದ್ದವು. ಅಮೆರಿಕದ ಜಾರ್ಜ್ ಬಾರ್ಟನ್ ವೃತ್ತಿಯಿಂದ ವಾಸ್ತುಶಿಲ್ಪಿ. ಕ್ಷಯ ಕಾಡಿತು, ಪಾದಕ್ಕೆ ಶಸ್ತ್ರಚಿಕಿತ್ಸೆಯಾಯಿತು, ಕೊನೆಗೆ ಎಡಭಾಗಕ್ಕೆ ಪಾರ್ಶ್ವವಾಯು. ಮನುಷ್ಯ ಹಾಸಿಗೆ ಹಿಡಿಯುವ ಬದಲು ಮರಗೆಲಸ, ತೋಟದ ಕೆಲಸ ಮಾಡುತ್ತ ತನ್ನನ್ನು ತಾನೇ ರಿಪೇರಿ ಮಾಡಿಕೊಂಡ. 1917ರ ಮಾರ್ಚಿನಲ್ಲಿ ನ್ಯೂಯಾರ್ಕ್ ರಾಜ್ಯದ ಕ್ಲಿಫ್ಟನ್ ಸ್ಪ್ರಿಂಗ್ಸ್ ಎಂಬ ಊರಿನ ಆತನ ಮನೆಯಲ್ಲೇ ಕೆಲವರು ಸೇರಿ ಈ ವೃತ್ತಿಯ ಮೊದಲ ಸಂಘ ಕಟ್ಟಿದರು. ತೋಟದ ಕೆಲಸ ಎಂದೊಡನೆ ಅಜ್ಜಯ್ಯ "ಕಾಣ್, ನಾನು ಹೇಳಲಿಲ್ಲವಾ" ಎಂಬಂತೆ ಅಮ್ಮನ ಕಡೆ ನೋಡಿದರು.

ಭಾರತಕ್ಕೆ ಇದನ್ನು ತಂದವರ ಕತೆ ಇನ್ನೂ ಸ್ವಾರಸ್ಯದ್ದು. ಎಲಿಜಬೆತ್ ಲಂಡಿ ಎಂಬ ಅಮೆರಿಕನ್ ಕ್ವೇಕರ್ ಹೆಣ್ಣುಮಗಳು ವಿಷ್ಣು ನಿಂಬ್ಕರ್ ಅವರನ್ನು ಮದುವೆಯಾಗಿ 1930ರಲ್ಲಿ ಭಾರತಕ್ಕೆ ಬಂದು ಕಮಲಾ ನಿಂಬ್ಕರ್ ಆದರು. ಮುಂಬಯಿಯ ಖಾರ್‌ನಲ್ಲಿ ಮಕ್ಕಳ ಶಾಲೆ ನಡೆಸಿದರು. ಮುಂದೆ ನಲವತ್ತು ದಾಟಿದ ವಯಸ್ಸಿನಲ್ಲಿ ಮತ್ತೆ ಅಮೆರಿಕಕ್ಕೆ ಹೋಗಿ, ವಿದ್ಯಾರ್ಥಿಯಾಗಿ ಬೆಂಚಿನ ಮೇಲೆ ಕೂತು ಆಕ್ಯುಪೇಷನಲ್ ಥೆರಪಿ ಕಲಿತು ಬಂದರು. 1950ರಲ್ಲಿ ಕೆಇಎಂ ಆಸ್ಪತ್ರೆಯಲ್ಲಿ ಅವರು ತೆರೆದ ಶಾಲೆ ಏಷ್ಯಾದಲ್ಲೇ ಮೊದಲನೆಯದು. 1952ರಲ್ಲಿ ಅಖಿಲ ಭಾರತ ಸಂಘ ಹುಟ್ಟಿತು. ಅದೇ ವರ್ಷ ಜಾಗತಿಕ ಒಕ್ಕೂಟ ಕಟ್ಟಿದ ಹತ್ತು ದೇಶಗಳಲ್ಲಿ ಭಾರತವೂ ಒಂದು. ಬಿಳಿಯರ ಸೀಮೆಯ ಹೆಣ್ಣುಮಗಳು ಸೀರೆ ಉಟ್ಟು ಗಿರಣಿಗಳ ಪರೇಲಿನಲ್ಲಿ ಈ ವಿದ್ಯೆ ಕಲಿಸಲು ನಿಂತಾಗ ಜನ ಏನೇನು ಕೇಳಿರಬಹುದು? ದೊಡ್ಡಮ್ಮನಂಥವರು ಆಗಲೂ ಇದ್ದಿರಲೇಬೇಕು.

ಮೊಮ್ಮಗಳು ಇದನ್ನೆಲ್ಲ ಅಜ್ಜಯ್ಯನಿಗೆ ಹೇಳುತ್ತ ಒಂದು ತಪ್ಪು ಮಾಡಿದಳು. ಕಮಲಾ ಅವರ ಮಗ ಬಿ.ವಿ. ನಿಂಬ್ಕರ್ ಸಾತಾರಾ ಜಿಲ್ಲೆಯ ಫಲಟಣದಲ್ಲಿ ನೆಲೆಸಿ, 1968ರಲ್ಲಿ ಕೃಷಿ ಸಂಶೋಧನಾ ಸಂಸ್ಥೆ ಕಟ್ಟಿ, ಕುಸುಬೆ ತಳಿ, ಕುರಿ ತಳಿ ಎಂದು ದುಡಿದರು ಎಂಬುದನ್ನೂ ಬಾಯಿಬಿಟ್ಟಳು. ತಾಯಿಯದ್ದು ಮರಾಠಿ ವ್ಯವಸಾಯ, ಮಗನದ್ದು ಕನ್ನಡ ವ್ಯವಸಾಯ. ಅಂದಿನಿಂದ ಅಜ್ಜಯ್ಯನ ವಾದಕ್ಕೆ ಪುರಾವೆ ಸಿಕ್ಕಂತಾಯಿತು. ಗದ್ದೆಯ ಮಾತು ವಾರಕ್ಕೆರಡು ಸಲ ಏಳತೊಡಗಿತು.

ಓದು ಮಾತ್ರ ಗದ್ದೆಯಷ್ಟೇ ಮೈಮುರಿಯುವಂಥದ್ದು. ಈಕೆ ಸೇರಿದ ಕಾಲಕ್ಕೆ ನಾಲ್ಕು ವರ್ಷ ಪಾಠ, ಆರು ತಿಂಗಳು ಇಂಟರ್ನ್‌ಶಿಪ್ ಇತ್ತು. ಮೊದಲ ವರ್ಷ ಎಲುಬು, ಸ್ನಾಯು, ನರ ಎಂದು ವೈದ್ಯಕೀಯದವರಂತೆಯೇ ಉರು ಹೊಡೆಯಬೇಕು. ಆಮೇಲೆ ಬರುತ್ತದೆ ಅಸಲಿ ವಿಷಯ, ಆಕ್ಟಿವಿಟಿ ಅನಾಲಿಸಿಸ್. ಯಾರೂ ಯೋಚಿಸದೆ ಮಾಡುವ ಕೆಲಸವನ್ನು ಎಳೆಎಳೆಯಾಗಿ ಬಿಚ್ಚಿ, ಯಾವ ಎಳೆಗೆ ಯಾವ ಕೀಲು, ಎಷ್ಟು ಬಲ, ಎಷ್ಟು ಗಮನ ಬೇಕು ಎಂದು ಬರೆಯುವುದು. ಪುಸ್ತಕದಲ್ಲಿ ಉದಾಹರಣೆಗೆ ಟೀ ಮಾಡುವುದಿತ್ತು. ಈಕೆ ಅಮ್ಮನ ತುರಿಮಣೆಯ ಎದುರು ನೋಟ್‌ಬುಕ್ ಹಿಡಿದು ಕೂತಳು.

ಅಮ್ಮ ಒಂದು ಕಾಲು ಮಡಿಸಿ, ಮಣೆ ಮಗುಚದಂತೆ ಅದರ ಮೇಲೆ ಭಾರ ಹಾಕಿ ಕೂತರು. ತೆಂಗಿನಕಾಯಿ ಕಡಿಯನ್ನು ಎರಡೂ ಅಂಗೈಯಲ್ಲಿ ಹಿಡಿದು ಬೆರಳುಗಳನ್ನು ಹಲ್ಲಿನಿಂದ ಅರ್ಧ ಇಂಚು ದೂರ ಇಟ್ಟರು. ಮಣಿಕಟ್ಟು ತಿರುಗುತ್ತ ಬಿಳಿ ತುರಿ ತಟ್ಟೆಗೆ ಉದುರತೊಡಗಿತು. ಗೆರಟೆ ಹತ್ತಿರವಾದಂತೆ ಅವರ ಕೈ ತಾನಾಗಿ ಹಗುರವಾಗುತ್ತದೆ, ಕಂದು ಸಿಪ್ಪೆ ಚಟ್ನಿಗೆ ಬರಬಾರದಲ್ಲ. ಗೆರಟೆ ಬಂತೆಂದು ಕೈಗೆ ಹೇಳುವುದು ಕಣ್ಣಲ್ಲ, ಸದ್ದು: ಸರಸರ ಹೋಗಿ ಕರಕರ ಬರುತ್ತದೆ. ಅಷ್ಟರಲ್ಲಿ ಅಮ್ಮ ಕುಕ್ಕರಿನ ಸೀಟಿ ಎಣಿಸುತ್ತಿದ್ದರು, ಫೋನಿನಲ್ಲಿ ತಂಗಿಯ ಜೊತೆ ಜಗಳವನ್ನೂ ಆಡುತ್ತಿದ್ದರು. ಹುಡುಗಿ ಎರಡು ಪುಟ ತುಂಬಿಸಿದಳು. "ಬರೆದದ್ದು ಸಾಕು, ಉಳಿದ ಕಡಿ ನೀನು ತುರಿ" ಎಂದು ಅಮ್ಮ ಎದ್ದರು. ಅಂದಿನ ಚಟ್ನಿ ಕಂದು ಬಣ್ಣದ್ದಾಯಿತು. ಬೆರಳಿಗೆ ಪಟ್ಟಿ ಬಿತ್ತು.

ಸ್ಪ್ಲಿಂಟ್ ಮಾಡುವ ಪಾಠವೂ ಅಷ್ಟೇ. ಗಟ್ಟಿ ಪ್ಲಾಸ್ಟಿಕ್ ಹಾಳೆಯನ್ನು ಸುಮಾರು 65–70 ಡಿಗ್ರಿ ಬಿಸಿನೀರಿಗೆ ಬಿಟ್ಟರೆ ನೀರ್‌ದೋಸೆಯಂತೆ ಮೆತ್ತಗಾಗುತ್ತದೆ. ಅದು ತಣಿಯುವ ಮೊದಲು ರೋಗಿಯ ಕೈಗೆ ಸುತ್ತಿ ಆಕಾರ ಕೊಡಬೇಕು. ಹಾಳೆ ದುಬಾರಿ, ಸಮಯ ಅರೆಗಳಿಗೆ. ಈಕೆಯ ಮೊದಲ ಹಾಳೆ ತನಗೆ ತಾನೇ ಅಂಟಿಕೊಂಡು ಪತ್ರೊಡೆಯ ಸುರುಳಿಯಂತೆ ಹೊರಬಂತು. ಅದು ಇಂದಿಗೂ ಮನೆಯಲ್ಲಿ ಪೆನ್ನು ನಿಲ್ಲಿಸುವ ಸ್ಟ್ಯಾಂಡಾಗಿ ದುಡಿಯುತ್ತಿದೆ.

ಮಾನಸಿಕ ಆರೋಗ್ಯದ ಪೋಸ್ಟಿಂಗ್ ಬಂದಾಗ ಗೆಳತಿಯರಿಗೆ ಹಳೇ ನಗೆಚಾಟಿಕೆ ನೆನಪಾಯಿತು. ಥಾಣೆಯಲ್ಲಿ 1901ರಿಂದ ಮಾನಸಿಕ ಆಸ್ಪತ್ರೆಯಿದೆ. ಹಾಗಾಗಿ ನಮ್ಮವರು ನಿಮ್ಹಾನ್ಸ್ ಹೆಸರು ಎಳೆದು ತರುವಂತೆ ಮುಂಬಯಿಯವರು "ಇವನನ್ನು ಥಾಣೆಗೆ ಕಳಿಸಬೇಕು" ಎನ್ನುತ್ತಾರೆ. ಚೂರೂ ಚೆನ್ನಾಗಿಲ್ಲದ ತಮಾಷೆ. "ನಾನು ದಿನಾ ಸಂಜೆ ಥಾಣೆಗೇ ಹೋಗುವವಳು, ಯಾರಾದರೂ ಜೊತೆಗೆ ಬರುತ್ತೀರಾ?" ಎಂದು ಕೇಳಿ ಹುಡುಗಿ ಎಲ್ಲರ ಬಾಯಿ ಮುಚ್ಚಿಸಿದಳು.

ಮೂರನೇ ವರ್ಷದ ಮಳೆಗಾಲದಲ್ಲಿ ಅಜ್ಜಯ್ಯನ ಬಲಗೈ ಜೋಲಿತು. ಸ್ಟ್ರೋಕ್. ಹತ್ತು ದಿನಕ್ಕೆ ಮನೆಗೆ ಬಂದರು. ನಡಿಗೆ ಪರವಾಗಿಲ್ಲ, ಮಾತು ಕೊಂಚ ಎಳೆಯುತ್ತಿತ್ತು, ಕೈ ಮಾತ್ರ ಹೇಳಿದ್ದು ಕೇಳುತ್ತಿರಲಿಲ್ಲ. ಆಸ್ಪತ್ರೆಯ ಥೆರಪಿಸ್ಟ್ ಮೇಡಂ ಮನೆಯಲ್ಲಿ ಮಾಡಿಸಬೇಕಾದ್ದನ್ನು ಬರೆದುಕೊಟ್ಟು ಮೊಮ್ಮಗಳಿಗೆ ಒಪ್ಪಿಸಿದರು.

ಮೊದಲು ಅಳತೆ. 1965ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಬಾರ್ಥೆಲ್ ಇಂಡೆಕ್ಸ್ ಎಂಬ ಪಟ್ಟಿಯಲ್ಲಿ ಊಟ, ಸ್ನಾನ, ಬಟ್ಟೆ, ಮೆಟ್ಟಿಲು ಎಂದು ಹತ್ತು ಕೆಲಸಗಳಿವೆ, ಒಟ್ಟು 100 ಅಂಕ. ಊಟದ ಕಲಮಿನಲ್ಲಿ ಬೆಣ್ಣೆ ಸವರಲು ನೆರವು ಬೇಕೇ ಎಂದಿದೆ. "ಬೆಣ್ಣೆ ನಾವು ಎಂತಕ್ಕೆ ಸವರುವುದು? ದೋಸೆ ಮೇಲೆ ಇಟ್ಟರೆ ಅದೇ ಕರಗ್ತದೆ" ಎಂದರು ಅಜ್ಜಯ್ಯ. ಅನ್ನ ಸಾರು ಕಲಸಿ ತುತ್ತು ಮಾಡುವುದಕ್ಕೆ ಎಷ್ಟು ಅಂಕ ಎಂದು ಆ ಪಟ್ಟಿ ಹೇಳುವುದಿಲ್ಲ. ಬಟ್ಟೆಯದ್ದು ಇನ್ನೊಂದು ಪೇಚು. ತೊಡುವಾಗ ಸೋತ ಕೈ ಮೊದಲು, ಬಿಚ್ಚುವಾಗ ಕೊನೆಗೆ ಎಂಬ ಸೂತ್ರದಿಂದ ಅಂಗಿ ಗೆದ್ದಿತು. ಒಂದೇ ಕೈಯಲ್ಲಿ ಪಂಚೆ ಉಡುವ ವಿಧಾನ ಯಾವ ಪಠ್ಯದಲ್ಲೂ ಸಿಗಲಿಲ್ಲ. ಅವಳೇ ಸೊಂಟಕ್ಕೆ ವೆಲ್ಕ್ರೋ ಹೊಲಿದು ಕೊಟ್ಟಳು. ದೊಡ್ಡಮ್ಮನ ಮನೆಯ ಸತ್ಯನಾರಾಯಣ ಪೂಜೆಯಲ್ಲಿ, ಭಟ್ಟರು ಮಂತ್ರ ನಿಲ್ಲಿಸಿದ ಹೊತ್ತಿಗೆ ಸರಿಯಾಗಿ, ಅದು ಚರ್ರೆಂದಿತು.

ಬೆರಳುಗಳಿಗೆಂದು ಪೆಗ್‌ಬೋರ್ಡ್ ತಂದಳು. ತೂತುಗಳಿಗೆ ಬಣ್ಣದ ಕಡ್ಡಿ ಸಿಕ್ಕಿಸಬೇಕು. ಅಜ್ಜಯ್ಯ ಎರಡು ಸಿಕ್ಕಿಸಿ, "ಇದು ಬಾಲವಾಡಿಯ ಆಟ" ಎಂದು ದೂರ ಸರಿಸಿದರು. ಆ ರಾತ್ರಿ ಅವಳಿಗೆ ತರಗತಿಯಲ್ಲಿ ನೂರು ಸಲ ಕೇಳಿದ್ದು ನೆನಪಾಯಿತು: ರೋಗಿಯ ಆಕ್ಯುಪೇಷನ್ ಯಾವುದು ಎಂದು ಮೊದಲು ಕೇಳಿ. ಮರುದಿನ ಸ್ಟೀಲ್ ಡಬ್ಬದಲ್ಲಿ ಚಿಲ್ಲರೆ ತಂದು ಮುಂದಿಟ್ಟಳು. ಚಿಲ್ಲರೆ ಒಟ್ಟುಮಾಡುವುದೇ ಸಾಹಸವಾಗಿತ್ತು. ಮಾಜಿವಾಡಾದ ಭಾಜಿಯವನೂ ಈಗ ಕ್ಯೂಆರ್ ಕೋಡ್ ತೋರಿಸುತ್ತಾನೆ. ಒಂದು, ಎರಡು, ಐದು, ಹತ್ತರ ನಾಣ್ಯ ಬೇರೆ ಮಾಡಬೇಕು, ಗೋಪುರ ಕಟ್ಟಬೇಕು, ಲೆಕ್ಕ ಹೇಳಬೇಕು. ಒಟ್ಟು 340 ರೂಪಾಯಿ.

ಅಜ್ಜಯ್ಯನ ಬೆನ್ನು ನೆಟ್ಟಗಾಯಿತು. ಬಲಗೈ ಹೆಬ್ಬೆರಳು ನಡುಗುತ್ತ ನಾಣ್ಯವನ್ನು ಮೇಜಿನ ಅಂಚಿಗೆ ಜಾರಿಸಿತು, ತೋರುಬೆರಳು ಕೆಳಗಿನಿಂದ ಆತುಕೊಂಡಿತು. ಅರ್ಧ ಗಂಟೆ ಹಿಡಿಯಿತು. "ಎರಡು ರೂಪಾಯಿ ಕಡಿಮೆ ಉಂಟು" ಎಂದರು. "ಮತ್ತೆ ಎಣಿಸಿ ನೋಡಿ ಅಜ್ಜಯ್ಯ" ಎಂದಳು. ಎಣಿಸಿದರು. ದಿನಾ ಹೀಗೇ ಆಯಿತು: ಒಮ್ಮೆ ಎರಡು ಕಡಿಮೆ, ಒಮ್ಮೆ ಐದು. ದಿನಾ ಎರಡೆರಡು ಸಲ ಎಣಿಕೆ.

ಹನ್ನೊಂದನೇ ದಿನ ಎಣಿಸಿ ಮುಗಿಸಿ ಡಬ್ಬದ ಮುಚ್ಚಳ ಹಾಕಿದರು.

"ಹತ್ತು ರೂಪಾಯಿ ಕಡಿಮೆ. ನಿನ್ನ ಏಪ್ರನ್ನಿನ ಎಡಜೇಬಲ್ಲಿ ಉಂಟು, ತೆಗಿ."

ಹುಡುಗಿ ಬೆಪ್ಪಾದಳು. "ಯಾವಾಗ ಗೊತ್ತಾಯಿತು?"

"ನಲವತ್ತು ವರ್ಷ ಗಲ್ಲಾದಲ್ಲಿ ಕೂತಿದ್ದೇನೆ. ಮೊದಲ ದಿನವೇ."

"ಮತ್ತೆ ಯಾಕೆ ದಿನಾ ಎರಡೆರಡು ಸಲ ಎಣಿಸಿದಿರಿ?"

"ಎಣಿಸದಿದ್ದರೆ ನಿನ್ನ ವ್ಯವಸಾಯದ ಪರೀಕ್ಷೆ ಎಂತಾಗಬೇಕು ಮಾರಾಯ್ತಿ?" ಎಂದು ಅಜ್ಜಯ್ಯ ಬಲಗೈಯನ್ನೇ ಮುಂದೆ ಚಾಚಿದರು, ನಾಣ್ಯಕ್ಕೆ.