ಡಿಸೆಂಬರಿನ ರಾಣಿಯರು

ಮಹಿಳೆಯರ ಫಿಗರ್ ಸ್ಕೇಟಿಂಗ್‌ನಲ್ಲಿ ಪ್ರತಿ ಸೀಸನ್ನಿಗೂ ಇಬ್ಬರು ಚಾಂಪಿಯನ್ನರು. ಒಬ್ಬಳು ಮಾರ್ಚ್‌ನ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಮಂಜುಗಡ್ಡೆಯ ಮೇಲೆ ಬಿದ್ದೆದ್ದು ಆಗುತ್ತಾಳೆ. ಇನ್ನೊಬ್ಬಳನ್ನು ಡಿಸೆಂಬರ್‌ನಲ್ಲೇ ಪಟ್ಟಿ ಪಂಡಿತರು ಸೋಫಾದ ಮೇಲೆ ಕೂತು ಮಾಡಿ ಮುಗಿಸಿರುತ್ತಾರೆ. ಇಬ್ಬರೂ ಒಬ್ಬಳೇ ಆದರೆ ಪಂಡಿತರು ದಾರ್ಶನಿಕರು. ಬೇರೆ ಬೇರೆಯಾದರೆ ತಪ್ಪು ಸ್ಕೇಟ್ ಮಾಡಿದವಳದ್ದು.

ಈ ಪಟ್ಟಿಗೆ ಡಿಸೆಂಬರೇ ಯಾಕೆ ಮುಹೂರ್ತ? ಅಕ್ಟೋಬರ್, ನವೆಂಬರ್‌ಗಳಲ್ಲಿ ಆರು ಗ್ರ್ಯಾನ್ ಪ್ರಿ ಸ್ಪರ್ಧೆಗಳು ನಡೆಯುತ್ತವೆ. ಒಬ್ಬಳಿಗೆ ಸಿಗುವುದು ಹೆಚ್ಚೆಂದರೆ ಎರಡು. ಗೆದ್ದವಳಿಗೆ 15 ಅಂಕ, ಎರಡನೆಯವಳಿಗೆ 13, ಮೂರನೆಯವಳಿಗೆ 11. ಒಟ್ಟು ಕೂಡಿಸಿ ಮೇಲಿನ ಆರು ಮಂದಿಯನ್ನು ಡಿಸೆಂಬರಿನ ಫೈನಲ್ಲಿಗೆ ಕರೆಯುತ್ತಾರೆ. ಯಾರ ಪಾಲಿಗೆ ಯಾವ ಎರಡು ಊರು, ಎದುರಿಗೆ ಯಾರು ಅನ್ನುವುದರಲ್ಲೇ ಅರ್ಧ ಹಣೆಬರಹ ಮುಗಿದಿರುತ್ತದೆ. ಘಟಾನುಘಟಿಗಳ ನಡುವೆ ನಾಲ್ಕನೆಯವಳಾದವಳಿಗೆ ಒಂಬತ್ತು ಅಂಕ, ಯಾರೂ ಬಾರದ ಊರಲ್ಲಿ ಗೆದ್ದವಳಿಗೆ ಹದಿನೈದು. ಇಂಥ ಎರಡು ವಾರಾಂತ್ಯಗಳ ಲೆಕ್ಕ ಹಿಡಿದುಕೊಂಡು, ಜಗತ್ತಿನ ಹೆಣ್ಣುಮಕ್ಕಳನ್ನು ಒಂದರಿಂದ ಹತ್ತರವರೆಗೆ ಸಾಲಾಗಿ ನಿಲ್ಲಿಸುವುದಕ್ಕೆ ವಿಶೇಷ ಧೈರ್ಯ ಬೇಕು. ಪಂಡಿತರಿಗೆ ಅದು ಹುಟ್ಟಿನಿಂದಲೇ ಇದೆ.

ಅಂತರರಾಷ್ಟ್ರೀಯ ಸ್ಕೇಟಿಂಗ್ ಯೂನಿಯನ್ ಎಂಬ ದೊಡ್ಡ ಸಂಸ್ಥೆಗೇ ಈ ವಿಷಯದಲ್ಲಿ ಒಮ್ಮತವಿಲ್ಲ. ಅದರದ್ದು ಒಂದಲ್ಲ, ಮೂರು ಪಟ್ಟಿ. ವರ್ಲ್ಡ್ ಸ್ಟ್ಯಾಂಡಿಂಗ್ಸ್‌ನಲ್ಲಿ ಈ ಸೀಸನ್ನಿನ ಜೊತೆ ಹಿಂದಿನ ಎರಡು ಸೀಸನ್‌ಗಳ ಸಾಧನೆಯೂ ಸೇರುತ್ತದೆ. ಎರಡನೆಯದು ಈ ಸೀಸನ್ನಿಗೆ ಮಾತ್ರ ಸೀಮಿತವಾದ ರ‍್ಯಾಂಕಿಂಗ್. ಮೂರನೆಯದರಲ್ಲಿ ಯಾರು ಒಂದು ದಿನ ಅತಿ ಹೆಚ್ಚು ಅಂಕ ಗಳಿಸಿದಳೋ ಅವಳು ಮೇಲೆ. ಮೂರರಲ್ಲೂ ಒಬ್ಬಳೇ ಮೊದಲಿರಬೇಕೆಂಬ ಕಾನೂನಿಲ್ಲ. ಆದ್ದರಿಂದ ನಿಮಗೆ ಯಾರು ಇಷ್ಟವೋ ಅವಳು ಮೇಲಿರುವ ಪಟ್ಟಿಯನ್ನು ಎತ್ತಿಕೊಂಡು ವಾದಕ್ಕಿಳಿಯಬಹುದು. ಮೂರರಲ್ಲೂ ಅವಳ ಹೆಸರಿಲ್ಲದಿದ್ದರೆ ನಾಲ್ಕನೆಯ ಪಟ್ಟಿಯನ್ನು ನೀವೇ ಬರೆಯಬಹುದು. ಪಂಡಿತರ ವಂಶಾವಳಿ ಶುರುವಾಗುವುದು ಅಲ್ಲಿಂದಲೇ.

ಪಂಡಿತರು ಕೆಲಸ ಮಾಡುವುದನ್ನು ಹತ್ತಿರದಿಂದ ನೋಡಬೇಕು. ಹುಡುಗಿ ಟ್ರಿಪಲ್ ಲುಟ್ಸ್‌ಗೆ ಹಾರುತ್ತಾಳೆ. ಗಾಳಿಯಲ್ಲಿ ಒಂದು ಸೆಕೆಂಡೂ ಇರುವುದಿಲ್ಲ. ಅಷ್ಟರಲ್ಲಿ ಮೂರು ಸುತ್ತು ಸುತ್ತಿ, ಕತ್ತಿಯಂಥ ಬ್ಲೇಡಿನ ಮೇಲೆ ಒಂಟಿ ಕಾಲಲ್ಲಿ ಇಳಿದು, ನಗುತ್ತಾ ಹಿಂದಕ್ಕೆ ಜಾರುತ್ತಾಳೆ. ನಮ್ಮ ಪಂಡಿತರು ವಿಡಿಯೊ ನಿಲ್ಲಿಸುತ್ತಾರೆ, ಹಿಂದಕ್ಕೆ ಎಳೆಯುತ್ತಾರೆ, ಮತ್ತೆ ನಿಲ್ಲಿಸುತ್ತಾರೆ, ಕನ್ನಡಕ ಒರೆಸಿಕೊಳ್ಳುತ್ತಾರೆ. ಕೊನೆಗೆ, 'ಕಾಲು ಸುತ್ತು ಕಮ್ಮಿ' ಅನ್ನುತ್ತಾರೆ. ಕಾಲು ಸುತ್ತು ಕಮ್ಮಿಯಾದರೆ ಅಂಕಪಟ್ಟಿಯಲ್ಲಿ ಕ್ಯೂ ಅಕ್ಷರ ಬೀಳುತ್ತದೆ. ಅದಕ್ಕೂ ಮೀರಿದರೆ ಒಂದು ಬಾಣದ ಗುರುತು, ಅರ್ಧ ಸುತ್ತೇ ಕಮ್ಮಿಯಾದರೆ ಎರಡು ಬಾಣ. ಹಾರುವಾಗ ಬ್ಲೇಡಿನ ಅಂಚು ತಪ್ಪಿದರೆ ಇನ್ನೊಂದು ಅಕ್ಷರ, ತಪ್ಪಿತೋ ಇಲ್ಲವೋ ಗೊತ್ತಾಗದಿದ್ದರೆ ಆಶ್ಚರ್ಯಸೂಚಕ ಚಿಹ್ನೆ. ತಾಂತ್ರಿಕ ಸಮಿತಿಯವರು ರಿಂಕಿನ ಪಕ್ಕ ಕೂತು, ರಿಪ್ಲೇ ನೋಡಿಯೂ ಕೆಲವೊಮ್ಮೆ ತಡವರಿಸುತ್ತಾರೆ. ಮೊಬೈಲಿನ ಐದಿಂಚಿನ ಪರದೆಯಲ್ಲಿ ನೋಡಿದವರಿಗೆ ಮಾತ್ರ ಯಾವತ್ತೂ ಅನುಮಾನ ಬರುವುದಿಲ್ಲ.

ಈ ಮಂದಿಯ ಚರಿತ್ರೆಯಲ್ಲಿ ಒಂದು ಸುವರ್ಣ ವರ್ಷವಿದೆ, 2010. ಹಿಂದಿನ ಅಕ್ಟೋಬರ್‌ನಲ್ಲಿ ದಕ್ಷಿಣ ಕೊರಿಯಾದ ಕಿಮ್ ಯುನಾ ಪ್ಯಾರಿಸ್ಸಿನಲ್ಲಿ 210.03 ಅಂಕ ಗಳಿಸಿದಳು. ಆ ಸೀಸನ್ನಿನ ಎರಡು ಗ್ರ್ಯಾನ್ ಪ್ರಿಗಳನ್ನೂ, ಟೋಕಿಯೊದ ಫೈನಲ್ಲನ್ನೂ ಗೆದ್ದಳು. ಫೆಬ್ರುವರಿಯಲ್ಲಿ ವ್ಯಾಂಕೂವರ್ ಒಲಿಂಪಿಕ್ಸ್‌ನಲ್ಲಿ 228.56 ಗಳಿಸಿ, ಎರಡನೆಯವಳಾದ ಆಸಾದಾ ಮಾವೊಳನ್ನು 23 ಅಂಕಗಳ ಆಚೆ ಬಿಟ್ಟಳು. ಆ ಒಲಿಂಪಿಕ್ಸ್‌ಗೆ ಯಾರು ಪಟ್ಟಿ ಬರೆದಿದ್ದರೂ ಸರಿಯಾಗುತ್ತಿತ್ತು, ಬರೆಯದಿದ್ದರೂ ನಡೆಯುತ್ತಿತ್ತು. ಪಂಡಿತರು ಅದನ್ನು ತಮ್ಮ ಗೆಲುವೆಂದೇ ಜಮಾ ಮಾಡಿಕೊಂಡು, ಅದರ ಬಡ್ಡಿಯಲ್ಲಿ ಇಲ್ಲಿಯವರೆಗೂ ಬದುಕುತ್ತಿದ್ದಾರೆ.

ಈಗ 2021ರ ಡಿಸೆಂಬರಿಗೆ ಬನ್ನಿ. ಪಟ್ಟಿ ಬರೆಯುವುದು ಅಷ್ಟು ಸುಲಭವಾಗಿದ್ದ ಇನ್ನೊಂದು ತಿಂಗಳಿಲ್ಲ. ರಷ್ಯಾದ ಕಮಿಲಾ ವಲಿಯೇವಾ ಹದಿನೈದರ ಹುಡುಗಿ. ವ್ಯಾಂಕೂವರಿನ ಸ್ಕೇಟ್ ಕೆನಡಾದಲ್ಲಿ 265.08, ಮುಂದಿನ ತಿಂಗಳು ಸೋಚಿಯಲ್ಲಿ 272.71, ವಿಶ್ವದಾಖಲೆ. ಒಸಾಕಾದಲ್ಲಿ ನಡೆಯಬೇಕಿದ್ದ ಫೈನಲ್ ಕೋವಿಡ್‌ನಿಂದ ರದ್ದಾಗಿತ್ತು. ಅದರಿಂದ ಪಂಡಿತರಿಗೇನೂ ತೊಂದರೆಯಾಗಲಿಲ್ಲ, ಸ್ಪರ್ಧೆ ನಡೆಯದೇ ಇದ್ದರೆ ಫಲಿತಾಂಶ ಹೇಳುವುದು ಇನ್ನೂ ಸಲೀಸು. ಒಂದು, ಎರಡು, ಮೂರು ಎಲ್ಲವೂ ರಷ್ಯಾಕ್ಕೆ, ಮೂರೂ ಎತೆರಿ ತುತ್ಬೆರಿಡ್ಜೆ ಎಂಬ ಒಬ್ಬಳೇ ಕೋಚ್‌ನ ಗರಡಿಗೆ. ಚಿನ್ನದ ಬಗ್ಗೆ ಚರ್ಚೆಯೇ ಇಲ್ಲ, ಬೆಳ್ಳಿಗೆ ಮಾತ್ರ ಪೈಪೋಟಿ ಎಂದು ಷರಾ ಬರೆದು ಪಂಡಿತರು ಹೊಸ ವರ್ಷದ ಪಾರ್ಟಿಗೆ ಹೊರಟರು.

ಅದೇ ಡಿಸೆಂಬರ್ 25ರಂದು ಸೇಂಟ್ ಪೀಟರ್ಸ್‌ಬರ್ಗ್‌ನ ರಾಷ್ಟ್ರೀಯ ಚಾಂಪಿಯನ್‌ಷಿಪ್‌ನಲ್ಲಿ ವಲಿಯೇವಾಳ ಮೂತ್ರದ ಮಾದರಿ ತೆಗೆದುಕೊಂಡರು. ಸೀಸೆ ಸ್ಟಾಕ್‌ಹೋಮ್‌ನ ಪ್ರಯೋಗಾಲಯಕ್ಕೆ ಹೋಯಿತು. ಅದರಲ್ಲಿದ್ದದ್ದು ಟ್ರೈಮೆಟಾಜಿಡೀನ್ ಎಂಬ ಹೃದ್ರೋಗದ ಔಷಧ. ವರದಿ ಬಂದದ್ದು ಫೆಬ್ರುವರಿ 8ಕ್ಕೆ. ಅಷ್ಟರಲ್ಲಿ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ತಂಡ ಸ್ಪರ್ಧೆ ಮುಗಿದು, ರಷ್ಯಾ ಗೆದ್ದು, ಒಂದು ದಿನ ಕಳೆದಿತ್ತು. ಎಲ್ಲ ಕ್ವಾಡ್‌ಗಳ, ಅಂದರೆ ನಾಲ್ಕು ಸುತ್ತಿನ ಜಿಗಿತಗಳ, ಅಂಕವನ್ನೂ ಬಾಯಿಪಾಠ ಮಾಡಿದ್ದ ಪಂಡಿತರ ಲೆಕ್ಕಾಚಾರದಲ್ಲಿ ಆ ಸೀಸೆಗೆ ಒಂದು ಕಾಲಂ ಇರಲಿಲ್ಲ.

ಕ್ರೀಡಾ ನ್ಯಾಯಮಂಡಳಿ ಅವಳಿಗೆ ಸ್ಕೇಟ್ ಮಾಡಲು ಬಿಟ್ಟಿತು. ಅವಳು ಮೊದಲ ಮೂರರಲ್ಲಿ ಬಂದರೆ ಪದಕ ಪ್ರದಾನವೇ ಇಲ್ಲ ಎಂದು ಒಲಿಂಪಿಕ್ ಸಮಿತಿ ಪ್ರಕಟಿಸಿತು. ದೊಡ್ಡವರು ಸೇರಿ ಇಷ್ಟು ಅಚ್ಚುಕಟ್ಟಾದ ವ್ಯವಸ್ಥೆ ಮಾಡಿಕೊಟ್ಟ ಮೇಲೆ ಹುಡುಗಿ ಶಾರ್ಟ್ ಪ್ರೋಗ್ರಾಮಿನಲ್ಲಿ ಮೊದಲು ಬಂದಳು, ಫ್ರೀ ಸ್ಕೇಟ್‌ನಲ್ಲಿ ಬಿದ್ದಳು, ಮತ್ತೆ ಬಿದ್ದಳು, ನಾಲ್ಕನೆಯವಳಾದಳು. ರಿಂಕಿನಿಂದ ಹೊರಗೆ ಕಾಲಿಡುತ್ತಿದ್ದಂತೆ ಕೋಚ್ ಕೇಳಿದ ಮೊದಲ ಪ್ರಶ್ನೆ, ಹೋರಾಡುವುದನ್ನು ಯಾಕೆ ನಿಲ್ಲಿಸಿದೆ ಎಂದು. ಕ್ಯಾಮೆರಾ ಅದನ್ನು ಜಗತ್ತಿಗೆಲ್ಲ ತೋರಿಸಿತು. ಐದು ಕ್ವಾಡ್ ಹಾರಿ ಬೆಳ್ಳಿಗೆ ಇಳಿದಿದ್ದ ಅಲೆಕ್ಸಾಂಡ್ರಾ ತ್ರುಸೋವಾ, ಎಲ್ಲರಿಗೂ ಚಿನ್ನವಿದೆ, ನನಗೊಬ್ಬಳಿಗೇ ಇಲ್ಲ, ಈ ಆಟವೇ ಬೇಡ ಎಂದು ಅಳುತ್ತಾ ಕೂಗಾಡುತ್ತಿದ್ದಳು. ಚಿನ್ನ ಗೆದ್ದ ಅನ್ನಾ ಶೆರ್ಬಕೋವಾ ಒಂದು ಮೂಲೆಯಲ್ಲಿ ಗೊಂಬೆ ತಬ್ಬಿಕೊಂಡು ಒಬ್ಬಳೇ ಕೂತಿದ್ದಳು. ಗೆದ್ದದ್ದಕ್ಕೆ ನಗಬಹುದೇ ಎಂದು ಕೇಳಲೂ ಅವಳ ಹತ್ತಿರ ಯಾರೂ ಇದ್ದಂತೆ ಕಾಣಲಿಲ್ಲ. ಮೂರೂ ಪದಕ ಒಂದೇ ಗರಡಿಗೆ ಎಂದು ಬರೆದಿದ್ದವರ ಲೆಕ್ಕ ಹೆಚ್ಚುಕಮ್ಮಿ ಸರಿಯಾಗೇ ಇತ್ತು ನೋಡಿ. ಗರಡಿಯ ಮೂವರಲ್ಲಿ ಇಬ್ಬರು ಅತ್ತರು.

2024ರ ಜನವರಿಯಲ್ಲಿ ನ್ಯಾಯಮಂಡಳಿ ವಲಿಯೇವಾಳಿಗೆ ನಾಲ್ಕು ವರ್ಷ ನಿಷೇಧ ಹೇರಿತು, 2021ರ ಡಿಸೆಂಬರ್ 25ರಿಂದ ಲೆಕ್ಕ ಹಾಕಿ. ತಾತ ಮಾತ್ರೆ ಪುಡಿ ಮಾಡಿದ ಮಣೆಯ ಮೇಲೇ ಸ್ಟ್ರಾಬೆರಿ ಸಿಹಿತಿನಿಸು ತಯಾರಾಗಿರಬಹುದು ಎಂಬ ವಾದ ಅಲ್ಲಿ ನಿಲ್ಲಲಿಲ್ಲ. ಟ್ಯಾಲಿನ್‌ನಲ್ಲಿ ಗೆದ್ದ ಯುರೋಪಿಯನ್ ಪಟ್ಟ ಹೋಯಿತು, ಬೀಜಿಂಗಿನ ತಂಡದ ಚಿನ್ನ ಅಮೆರಿಕಕ್ಕೆ ಸರಿಯಿತು. ಆ ಪದಕಗಳನ್ನು ಕೊಟ್ಟದ್ದು 2024ರ ಆಗಸ್ಟ್‌ನಲ್ಲಿ, ಪ್ಯಾರಿಸ್ಸಿನ ಬೇಸಿಗೆ ಒಲಿಂಪಿಕ್ಸ್ ನಡುವೆ. ಚಳಿಗಾಲದ ಕ್ರೀಡಾಪಟುಗಳು ಐಫೆಲ್ ಗೋಪುರದ ಎದುರು ಬೇಸಿಗೆಯಲ್ಲಿ ನಿಂತು ಪದಕ ಹಾಕಿಸಿಕೊಂಡರು. ಹೀಗೆ ಎಲ್ಲ ಫಲಿತಾಂಶಗಳೂ ತಿದ್ದುಪಡಿಯಾದವು, ಡಿಸೆಂಬರಿನ ಪಟ್ಟಿಯೊಂದನ್ನು ಬಿಟ್ಟು. ಪದಕ ಕಿತ್ತುಕೊಳ್ಳಲು ಸ್ವಿಟ್ಜರ್‌ಲೆಂಡಿನಲ್ಲಿ ನ್ಯಾಯಮಂಡಳಿಯಿದೆ. ಪಂಡಿತರು ದಯಪಾಲಿಸಿದ ಮೊದಲ ಸ್ಥಾನ ಕಿತ್ತುಕೊಳ್ಳಲು ಯಾವ ದೇಶದಲ್ಲೂ ಇಲ್ಲ.

ಈ ತೀರ್ಪಿಗೂ ಮುಂಚೆ, ಬೀಜಿಂಗಿನಲ್ಲಿ ಅಷ್ಟೆಲ್ಲ ಆದ ಮೇಲೆ, 2022ರ ಜೂನ್‌ನಲ್ಲಿ, ಸ್ಕೇಟಿಂಗ್ ಯೂನಿಯನ್ನಿಗೆ ಹದಿನೈದು ವರ್ಷದವರು ಮಕ್ಕಳು ಎಂಬುದು ಹೊಳೆಯಿತು. ಥಾಯ್ಲೆಂಡಿನ ಫುಕೆಟ್‌ನಲ್ಲಿ ಸಭೆ ಸೇರಿ, ಹಿರಿಯರ ವಿಭಾಗಕ್ಕೆ ಕನಿಷ್ಠ ವಯಸ್ಸನ್ನು ಹಂತ ಹಂತವಾಗಿ ಹದಿನೇಳಕ್ಕೆ ಏರಿಸಿದರು. ಉಕ್ರೇನ್ ಯುದ್ಧದಿಂದಾಗಿ ರಷ್ಯನ್ನರನ್ನು ಅದಕ್ಕೂ ಮೊದಲೇ ಹೊರಗಿಟ್ಟಾಗಿತ್ತು. ಪಂಡಿತರು ಎದೆಗುಂದಲಿಲ್ಲ. ಎರಡೆರಡು ಪಟ್ಟಿ ಬರೆಯತೊಡಗಿದರು: ಒಂದು ಇರುವವರದ್ದು, ಇನ್ನೊಂದು ಇದ್ದಿದ್ದರೆ ಗೆಲ್ಲುತ್ತಿದ್ದವರದ್ದು. ಎರಡನೆಯದಕ್ಕೆ ಆಧಾರ, ರಷ್ಯಾದೊಳಗೆ ರಷ್ಯಾದ ತೀರ್ಪುಗಾರರು ರಷ್ಯಾದ ಹುಡುಗಿಯರಿಗೆ ಕೊಟ್ಟ ಅಂಕಗಳು. ಅವು ಎಷ್ಟು ಧಾರಾಳವಾಗಿರುತ್ತವೆ ಎಂದು ಬಿಡಿಸಿ ಹೇಳಬೇಕಿಲ್ಲ. ರಷ್ಯಾದ ಮಾತೇ ಯಾಕೆ, ತವರಿನ ರಾಷ್ಟ್ರೀಯ ಸ್ಪರ್ಧೆಯಲ್ಲಿ ಯಾವ ದೇಶದ ತೀರ್ಪುಗಾರರ ಕೈಯೂ ಬಿಗಿಯಾಗಿರುವುದಿಲ್ಲ.

ಈ ನಡುವೆ ಸಕಾಮೊಟೊ ಕಾವೊರಿ ಎಂಬ ಕೋಬೆಯ ಹುಡುಗಿ ಒಂದು ಅಪಚಾರ ಎಸಗುತ್ತಿದ್ದಳು. ಅವಳಲ್ಲಿ ಕ್ವಾಡ್ ಇರಲಿಲ್ಲ, ಮೂರೂವರೆ ಸುತ್ತಿನ ಟ್ರಿಪಲ್ ಆಕ್ಸೆಲ್ಲೂ ಇರಲಿಲ್ಲ. ಇದ್ದದ್ದು ಎರಡೂವರೆ ಸುತ್ತಿನ ಡಬಲ್ ಆಕ್ಸೆಲ್. ಟ್ರಿಪಲ್‌ಗೆ ಮೂಲ ಅಂಕ ಎಂಟು, ಡಬಲ್‌ಗೆ ಮೂರು ಚಿಲ್ಲರೆ. ಆದರೆ ಅವಳು ಆ ಡಬಲ್ಲಿಗೇ ರಿಂಕಿನ ಆ ತುದಿಯಿಂದ ವೇಗ ಹಿಡಿದು ಬಂದು, ಎತ್ತರಕ್ಕೆ ಎದ್ದು, ದೂರಕ್ಕೆ ಹಾರಿ, ಇಳಿದ ಮೇಲೂ ಅದೇ ವೇಗದಲ್ಲಿ ಸಾಗುತ್ತಿದ್ದಳು. ಹೀಗೆ ಜಾರಿಕೊಂಡೇ ಬೀಜಿಂಗ್‌ನಲ್ಲಿ ಕಂಚು ಗೆದ್ದಳು, 2022, 2023, 2024ರಲ್ಲಿ ಸತತ ಮೂರು ವಿಶ್ವ ಪಟ್ಟ ಗೆದ್ದಳು. ಅದಕ್ಕೂ ಮೊದಲು ಹಾಗೆ ಗೆದ್ದ ಮಹಿಳೆಯನ್ನು ಹುಡುಕಿದರೆ 1968ರ ಪೆಗ್ಗಿ ಫ್ಲೆಮಿಂಗ್‌ವರೆಗೆ ಹೋಗಬೇಕು. ಪಂಡಿತರು ಪ್ರತಿ ಡಿಸೆಂಬರೂ ಅವಳ ಹೆಸರಿನ ಮುಂದೆ ಒಂದೇ ಷರಾ ಬರೆದರು: ಚೆನ್ನಾಗಿದ್ದಾಳೆ, ಆದರೆ ಟ್ರಿಪಲ್ ಆಕ್ಸೆಲ್ ಇಲ್ಲ. ಹೆಣ್ಣು ನೋಡಲು ಬಂದವರು ಉಪ್ಪಿಟ್ಟು, ಕೇಸರಿಭಾತು ಎಲ್ಲ ಮುಗಿಸಿ ಕೈ ತೊಳೆದ ಮೇಲೆ, 'ಬಣ್ಣ ಒಂಚೂರು...' ಎಂದು ರಾಗ ಎಳೆಯುತ್ತಾರಲ್ಲ, ಆ ಧಾಟಿ.

ಹಾಗಾಗಿ 2024ರ ಡಿಸೆಂಬರ್‌ನಲ್ಲಿ ಅವರಿಗೆ ಹಬ್ಬ. ಫ್ರಾನ್ಸಿನ ಗ್ರೆನೋಬ್ಲ್‌ನ ಫೈನಲ್ಲಿನಲ್ಲಿ ಅಮೆರಿಕದ ಅಂಬರ್ ಗ್ಲೆನ್ ಗೆದ್ದಳು, ಸಕಾಮೊಟೊ ಮೂರಕ್ಕಿಳಿದಳು. ಗ್ಲೆನ್ ಬಳಿ ಟ್ರಿಪಲ್ ಆಕ್ಸೆಲ್ ಇದೆ! ಪಟ್ಟಿಯ ತುದಿಯಲ್ಲಿ ಅವಳನ್ನು ಕೂರಿಸಿದ್ದಾಯಿತು. ಫೆಬ್ರುವರಿಯಲ್ಲಿ ಕೊರಿಯಾದ ಕಿಮ್ ಚೆಯಾನ್ ಹಾರ್ಬಿನ್‌ನ ಏಷ್ಯನ್ ಚಳಿಗಾಲದ ಕ್ರೀಡಾಕೂಟದಲ್ಲಿ ಸಕಾಮೊಟೊಳನ್ನು ಸೋಲಿಸಿ, ಅದೇ ತಿಂಗಳು ಸೋಲ್‌ನಲ್ಲಿ ನಾಲ್ಕು ಖಂಡಗಳ ಪಟ್ಟವನ್ನೂ ಗೆದ್ದಾಗ ಪಟ್ಟಿಯನ್ನು ಇನ್ನೊಮ್ಮೆ ಅಲುಗಿಸಿದ್ದಾಯಿತು.

ಆಗ ಅಲಿಸಾ ಲಿಯು ಎಲ್ಲಿದ್ದಳು? ಸ್ಕೇಟ್ ಕೆನಡಾದಲ್ಲಿ ಆರನೆಯವಳು, ಜಪಾನಿನ ಎನ್‌ಎಚ್‌ಕೆ ಟ್ರೋಫಿಯಲ್ಲಿ ನಾಲ್ಕನೆಯವಳು. ಫೈನಲ್ಲಿಗೆ ಕರೆಯೇ ಬರಲಿಲ್ಲ. ಹದಿಮೂರನೇ ವಯಸ್ಸಿಗೇ ಅಮೆರಿಕದ ಚಾಂಪಿಯನ್ ಆಗಿದ್ದವಳು, ಹದಿನಾರಕ್ಕೆ, ವಿಶ್ವ ಚಾಂಪಿಯನ್‌ಷಿಪ್‌ನ ಕಂಚು ಕೈಗೆ ಬಂದ ಬೆನ್ನಿಗೇ ನಿವೃತ್ತಿ ಘೋಷಿಸಿ ಹೊರಟುಹೋದಳು. ಕಾಲೇಜು ಸೇರಿದಳು, ಊರೂರು ಸುತ್ತಿದಳು. ಒಮ್ಮೆ ಸ್ಕೀಯಿಂಗ್‌ಗೆ ಹೋದಾಗ ಹಳೆಯ ವೇಗದ ರುಚಿ ಮತ್ತೆ ನೆನಪಾಗಿ ರಿಂಕಿಗೆ ಬಂದಳು. ಎರಡು ವರ್ಷ ಆಟವನ್ನೇ ಬಿಟ್ಟವಳಿಗೆ ಪಟ್ಟಿಯಲ್ಲಿ ಎಲ್ಲಿಯ ಜಾಗ? ವಾಪಸಾದ ಮಗಳು ಎಂದು ನಾಲ್ಕು ಒಳ್ಳೆಯ ಮಾತು ಬರೆದು, ಹತ್ತನೇ ಹೆಸರಿನ ಕೆಳಗೆ ಗೆರೆ ಎಳೆದರು.

ಮಾರ್ಚ್‌ನಲ್ಲಿ ಬಾಸ್ಟನ್‌ನ ವಿಶ್ವ ಚಾಂಪಿಯನ್‌ಷಿಪ್. ಡೊನ್ನಾ ಸಮ್ಮರ್ ಹಾಡಿಗೆ ಚಿನ್ನದ ಬಣ್ಣದ ಉಡುಪಿನಲ್ಲಿ ಬಂದ ಲಿಯು ಮನೆಯ ಹಜಾರದಲ್ಲಿ ಕುಣಿದಷ್ಟು ಹಗುರವಾಗಿ ಸ್ಕೇಟ್ ಮಾಡಿ 222.97 ಗಳಿಸಿದಳು. ಸಕಾಮೊಟೊ ಎರಡು, ಚಿಬಾ ಮೊನೆ ಮೂರು. ಡಿಸೆಂಬರಿನ ರಾಣಿ ಗ್ಲೆನ್ ಐದು. ಫೆಬ್ರುವರಿಯ ರಾಣಿ ಕಿಮ್ ಮೊದಲ ಐದರಲ್ಲೇ ಇಲ್ಲ. 2006ರ ನಂತರ ಅಮೆರಿಕಕ್ಕೆ ಸಿಕ್ಕ ಮೊದಲ ಮಹಿಳಾ ವಿಶ್ವ ಪಟ್ಟ ಅದು. ಗೆದ್ದವಳು ನಕ್ಕಾಗ ಮೇಲ್ದುಟಿಯ ಒಳಗೆ ಚುಚ್ಚಿಸಿಕೊಂಡ ರಿಂಗು ಮಿಂಚಿತು.

ಪಂಡಿತರಿಗೆ ಇಂಥ ದಿನಗಳಿಗೆಂದೇ ಕಟ್ಟಿಟ್ಟ ಮೂರು ಸುರಂಗಗಳಿವೆ. ಮೊದಲನೆಯದು ಪಟ್ಟಿಯ ಬಾಲಕ್ಕೆ ಸದಾ ಅಂಟಿರುವ 'ಇವರ ಮೇಲೂ ಕಣ್ಣಿಡಿ' ಎಂಬ ವಿಭಾಗ. ಅದರಲ್ಲಿ ಸ್ಕೇಟ್ ಕಟ್ಟಿಕೊಳ್ಳಬಲ್ಲ ಎಲ್ಲರ ಹೆಸರೂ ಇರುತ್ತದೆ, ಹಾಗಾಗಿ 'ನಾನು ಆಗಲೇ ಹೇಳಿದ್ದೆ' ಅನ್ನಲು ಅಡ್ಡಿಯಿಲ್ಲ. ಎರಡನೆಯದು ಗಾಯ: ಸೋತವಳ ಕಣಕಾಲು ನೋಯುತ್ತಿತ್ತಂತೆ, ಬೂಟು ಹೊಸದಂತೆ. ಎರಡೂ ಮುಚ್ಚಿಹೋದರೆ ಮೂರನೆಯದು, ತೀರ್ಪುಗಾರರ ಅನ್ಯಾಯ. ಅಂಕಪಟ್ಟಿ ತೆಗೆದು ಒಂದು ಕ್ಯೂ ತೋರಿಸಿದರೆ ಸಾಕು, ಸಂಜೆಯವರೆಗೆ ಮಾತಾಡಬಹುದು.

ಆದರೆ ಬಾಸ್ಟನ್‌ನಿಂದ ಹೊರಬೀಳಲು ಸುರಂಗ ಬೇಕಾಗಲಿಲ್ಲ. ರಿಂಕಿನ ಮಂಜು ಕರಗುವ ಮೊದಲೇ ಮುಂದಿನ ಸೀಸನ್ನಿನ ಪಟ್ಟಿ ಸಿದ್ಧವಾಗತೊಡಗಿತ್ತು, ಅದರಲ್ಲಿ ಲಿಯು ಸರಸರನೆ ಮೇಲೇರಿದ್ದಳು. ಅವಳು 2019ರಲ್ಲಿ, ಇನ್ನೂ ಮಗುವಾಗಿದ್ದಾಗ, ಟ್ರಿಪಲ್ ಆಕ್ಸೆಲ್ ಹಾರುತ್ತಿದ್ದಳು. ಸ್ಪರ್ಧೆಯಲ್ಲಿ ಕ್ವಾಡ್ ಇಳಿಸಿದ ಮೊದಲ ಅಮೆರಿಕನ್ ಮಹಿಳೆಯೂ ಅವಳೇ. ಬೆಳೆದು, ಬಿಟ್ಟು, ಮರಳಿ ಬಂದು ವಿಶ್ವ ಪಟ್ಟ ಗೆದ್ದದ್ದು ಆ ಎರಡೂ ಇಲ್ಲದೆ. ಪಂಡಿತರು ಕನ್ನಡಕ ಒರೆಸಿಕೊಂಡು ಅವಳ ಹೆಸರಿನ ಮುಂದೆ ಷರಾ ಬರೆದರು: ಚೆನ್ನಾಗಿದ್ದಾಳೆ, ಆದರೆ ಟ್ರಿಪಲ್ ಆಕ್ಸೆಲ್ ಇಲ್ಲ.