ಲೈನ್ ಅಂದರೆ ನಮ್ಮನೆ ಸಾರ್

“ರೇಖೆ ಅಂದರೇನು?” ಮೇಷ್ಟ್ರು ಕೇಳಿದರು. ಮಕ್ಕಳು ಮುಖ ಮುಖ ನೋಡಿಕೊಂಡರು. “ಲೈನ್ ಕಣ್ರೋ, ಲೈನ್!” ಎಂದು ಮೇಷ್ಟ್ರು ಪ್ರಶ್ನೆಯನ್ನು ಹಗುರ ಮಾಡಿದರು. ಮೂರನೇ ಬೆಂಚಿನ ಹುಡುಗಿಯೊಬ್ಬಳು ಥಟ್ಟನೆ ಎದ್ದು, “ನಮ್ಮನೆ ಸಾರ್” ಅಂದಳು.

ಕ್ಲಾಸೆಲ್ಲ ನಕ್ಕಿತು. ಬಯಲುಸೀಮೆಯ ಓದುಗರಿಗೆ ಈ ನಗು ಹತ್ತಲಿಕ್ಕಿಲ್ಲ. ನಮ್ಮ ಕಾಫಿ ಸೀಮೆಯಲ್ಲಿ ತೋಟದ ಕೆಲಸದವರಿಗೆ ಕಟ್ಟಿಸಿದ ಮನೆಸಾಲಿಗೆ ಲೈನ್ ಅಂತಲೇ ಹೆಸರು. ಉದ್ದಕ್ಕೆ ಒಂದೇ ಮಾಡು, ನಡುನಡುವೆ ಅಡ್ಡಗೋಡೆ, ಗೋಡೆಗೊಂದು ಸಂಸಾರ. ಹುಡುಗಿ ಹೇಳಿದ್ದರಲ್ಲಿ ತಪ್ಪೇನಿಲ್ಲ. ಮೇಷ್ಟ್ರು ಬೋರ್ಡಿನ ಮೇಲೆ ಬರೆದ ಉತ್ತರ ಮಾತ್ರ ಬೇರೆ ಇತ್ತು: ‘ಬಿಂದುಗಳ ಸಾಲೇ ರೇಖೆ.’ ಆ ಬಿಂದುಗಳು ಯಾರು ಅಂತ ಅವರು ಹೇಳಲಿಲ್ಲ.

ಮೂಡಿಗೆರೆಯಿಂದ ಕಳಸಕ್ಕೆ ಹೋಗುವ ದಾರಿಯಲ್ಲಿರುವ ಒಂದು ಶಾಲೆ. ಮಕ್ಕಳ ದಿನಾಚರಣೆಯ ಚಿತ್ರಸ್ಪರ್ಧೆ. ನಾನು ತೀರ್ಪುಗಾರ. ನನ್ನ ಕೈಯಲ್ಲಿ ಮಡಕೆಯೂ ಮಡಕೆಯಂತೆ ಮೂಡುವುದಿಲ್ಲ. ಆದರೆ ಕನ್ನಡದಲ್ಲಿ ಕಥೆಯನ್ನೂ ಬರೆಯುತ್ತಾರೆ, ಚಿತ್ರವನ್ನೂ ಬರೆಯುತ್ತಾರೆ. ಪತ್ರಿಕೆಗೆ ಬರೆಯುವವನಿಗೆ ಎರಡೂ ಬರುತ್ತದೆಂದು ಹೆಡ್‌ಮೇಷ್ಟ್ರು ನಂಬಿಬಿಟ್ಟಿದ್ದರು. ಶಾಲು, ಹಣ್ಣಿನ ಬುಟ್ಟಿ ಎರಡೂ ಇದೆ ಅಂದಿದ್ದರಿಂದ ಅವರ ನಂಬಿಕೆ ಕೆಡಿಸಲು ನನಗೂ ಮನಸ್ಸು ಬರಲಿಲ್ಲ.

ಸ್ಪರ್ಧೆಗೆ ಮೊದಲು ಅರ್ಧ ಗಂಟೆ ‘ದೃಶ್ಯಕಲೆಯ ಮೂಲಾಂಶಗಳು’ ಎಂಬ ಪಾಠ. ಮಾಡುತ್ತಿದ್ದವರು ಪಿ.ಟಿ. ಮೇಷ್ಟ್ರು. ಡ್ರಾಯಿಂಗ್ ಮೇಷ್ಟ್ರು ರಿಟೈರ್ಡ್ ಆದ ಮೇಲೆ ಆ ಜಾಗಕ್ಕೆ ಯಾರೂ ಬಂದಿಲ್ಲ. ಖಾಲಿ ಜಾಗವೂ ಚಿತ್ರದ ಒಂದು ಅಂಶವೇ ಎಂದು ಶಾಸ್ತ್ರ ಹೇಳುವುದರಿಂದ ಮೇಲಿನವರನ್ನು ದೂರುವ ಹಾಗಿಲ್ಲ. ವೇಳಾಪಟ್ಟಿಯಲ್ಲಿ ವಾರಕ್ಕೊಂದು ಡ್ರಾಯಿಂಗ್ ಪೀರಿಯಡ್ಡು ಈಗಲೂ ಇದೆ, ಗಣಿತದವರು ಅದನ್ನು ಒತ್ತುವರಿ ಮಾಡಿಕೊಂಡಿದ್ದಾರೆ ಅಷ್ಟೆ. ನಮ್ಮ ಕಡೆ ಒತ್ತುವರಿಗೆಲ್ಲ ಯಾರೂ ಮುಖ ಸಿಂಡರಿಸುವುದಿಲ್ಲ. ಬೇಲಿ ಎಂಬ ರೇಖೆ ಮಳೆಗಾಲಕ್ಕೊಮ್ಮೆ ಗುಡ್ಡದ ಕಡೆಗೆ ತಾನಾಗೇ ಚಿಗುರುತ್ತದೆ ಎಂಬುದು ತೋಟ ಇರುವವರಿಗೆಲ್ಲ ಗೊತ್ತು. ಸರ್ವೆಯವರು ಬಂದು ನಿಂತ ದಿನ ಸರಳರೇಖೆಗೂ ವಕ್ರರೇಖೆಗೂ ಇರುವ ವ್ಯತ್ಯಾಸ ದೊಡ್ಡ ದೊಡ್ಡವರಿಗೂ ಒಂದೇ ಏಟಿಗೆ ಅರ್ಥವಾಗುತ್ತದೆ.

“ಮೂಲಾಂಶಗಳು ಏಳು. ಬರ್ಕೊಳ್ಳಿ. ರೇಖೆ, ಆಕಾರ, ರೂಪ, ಬಣ್ಣ, ಛಾಯೆ, ಮೈವಳಿಕೆ, ಅವಕಾಶ.” ಮಕ್ಕಳು ಬರೆದುಕೊಂಡರು. ನನ್ನ ಪಕ್ಕದ ಹುಡುಗ ಮೈವಳಿಕೆಯನ್ನು ‘ಮೈ ತುರಿಕೆ’ ಎಂದು ಬರೆದುಕೊಂಡ. ಚರ್ಮಕ್ಕೆ ಸಂಬಂಧಪಟ್ಟದ್ದೇ ತಾನೇ ಎಂದು ನಾನು ಸುಮ್ಮನಿದ್ದೆ.

ಈ ಏಳರ ಲೆಕ್ಕ ವೇದವಾಕ್ಯವೇನಲ್ಲ. ಅಮೆರಿಕದ ಆರ್ಥರ್ ವೆಸ್ಲಿ ಡೌ ಎಂಬ ಮೇಷ್ಟ್ರು 1899ರಲ್ಲಿ ಚಿತ್ರ ಸಂಯೋಜನೆಯ ಪುಸ್ತಕ ಬರೆದಾಗ ಮೂರೇ ಸಾಕು ಎಂದಿದ್ದ: ಗೆರೆ, ಕಪ್ಪು-ಬಿಳುಪಿನ ಹೊಂದಾಣಿಕೆ, ಬಣ್ಣ. ಎರಡನೆಯದಕ್ಕೆ ಜಪಾನಿನಿಂದ ‘ನೋತಾನ್’ ಎಂಬ ಹೆಸರನ್ನು ತಂದುಕೊಂಡಿದ್ದ. ಅವನಿಗಿಂತ ಎಷ್ಟೋ ಶತಮಾನ ಮೊದಲು ನಮ್ಮ ಯಶೋಧರ ಚಿತ್ರಕ್ಕೆ ಆರು ಅಂಗ ಅಂದಿದ್ದ: ರೂಪಭೇದ, ಪ್ರಮಾಣ, ಭಾವ, ಲಾವಣ್ಯಯೋಜನೆ, ಸಾದೃಶ್ಯ, ವರ್ಣಿಕಾಭಂಗ. ಹಾಗೆಂದು ಬರೆದದ್ದು ಕಾಮಸೂತ್ರದ ವ್ಯಾಖ್ಯಾನದಲ್ಲಿ. ಎಂಟನೇ ಕ್ಲಾಸಿನಲ್ಲಿ ಆ ಪುಸ್ತಕದ ಹೆಸರೆತ್ತಿ ಯಾವ ಮೇಷ್ಟ್ರು ತಾನೇ ಪೋಷಕರ ಸಭೆ ಎದುರಿಸಿಯಾರು? ಜರ್ಮನಿಯ ಬೌಹೌಸ್ ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಕಾಂಡಿನ್‌ಸ್ಕಿ 1923ರಲ್ಲಿ ಒಂದು ಪ್ರಶ್ನಾವಳಿ ಹಂಚಿದ. ತ್ರಿಕೋನ, ಚೌಕ, ವೃತ್ತ ಬರೆದು, ಹಳದಿ, ಕೆಂಪು, ನೀಲಿಯಲ್ಲಿ ಯಾವುದು ಯಾವುದಕ್ಕೆ ಒಪ್ಪುತ್ತದೆ, ತುಂಬಿ ಕೊಡಿ ಎಂದ. ತ್ರಿಕೋನಕ್ಕೆ ಹಳದಿ ಎಂಬುದು ಅವನ ಮತ. ಆದರೂ ಕೇಳಿ ನೋಡಿದ. ನಮ್ಮ ಪುಣ್ಯ, ಅವನು ಕಾಫಿ ಸೀಮೆಗೆ ಬರಲಿಲ್ಲ. ಇಲ್ಲಿ ತ್ರಿಕೋನ ಅಂದರೆ ಹಸಿರು. ಯಾಕೆಂದರೆ ತ್ರಿಕೋನ ಅಂದರೆ ಗುಡ್ಡ.

ಸ್ಪರ್ಧೆಯ ವಿಷಯ ‘ನಮ್ಮೂರಿನ ಪ್ರಕೃತಿ’. ಒಂದು ಗಂಟೆಯ ಮೇಲೆ 42 ಹಾಳೆ ನನ್ನ ಮುಂದೆ ಬಂದು ಬಿದ್ದವು. ಒಂದನ್ನು ನೋಡಿದರೆ ಮಿಕ್ಕವನ್ನು ನೋಡುವ ಕಷ್ಟವಿಲ್ಲ. ಎರಡು ತ್ರಿಕೋನ ಗುಡ್ಡ, ಸಂದಿಯಲ್ಲಿ ಅರ್ಧ ಸೂರ್ಯ, ಸೂರ್ಯನಿಗೆ ಬಾಚಣಿಗೆ ಹಲ್ಲಿನಂಥ ಕಿರಣ, ಗುಡ್ಡದಿಂದ ಜಾರಿ ಬಂದ ನದಿ, ದಡದಲ್ಲಿ ಗುಡಿಸಲು, ಗುಡಿಸಲಿಗೆ ಒರಗಿದ ತೆಂಗಿನಮರ, ಆಕಾಶದಲ್ಲಿ ಮಗುಚಿ ಬಿದ್ದ ಗೀಟಿನಂಥ ನಾಲ್ಕು ಹಕ್ಕಿ. ಜೂನ್ ಹುಟ್ಟಿದರೆ ವಾರಗಟ್ಟಲೆ ಸೂರ್ಯನ ಮುಖ ಕಾಣದ ಊರಿನ ಮಕ್ಕಳು ಸೂರ್ಯನಿಗೆ ತಪ್ಪದೆ ಹನ್ನೆರಡು ಕಿರಣ ಎಳೆದಿದ್ದರು. ಮಳೆ ಒಂದು ಹಾಳೆಯಲ್ಲೂ ಇರಲಿಲ್ಲ. ಕಂಬಳಿ ಕೊಪ್ಪೆ ಇರಲಿಲ್ಲ. ಕಾಫಿ ಗಿಡ? “ಅದು ಹೆಂಗೆ ಬರೆಯೋದು ಅಂತ ಡ್ರಾಯಿಂಗ್ ಬುಕ್ಕಲ್ಲಿ ಇಲ್ಲ ಸಾರ್.”

ಗುಡ್ಡಕ್ಕೆ ಹೆಸರಿಟ್ಟ ಹಳಬರನ್ನು ನೆನೆದು ನನಗೆ ನಗು ಬಂತು. ಅವರಲ್ಲಿ ಯಾರೂ ಡ್ರಾಯಿಂಗಿನ ಲೋವರ್ ಗ್ರೇಡ್ ಪರೀಕ್ಷೆ ಕಟ್ಟಿದವರಲ್ಲ. ಒಂದು ಬೆಟ್ಟಸಾಲಿನ ಅಂಚನ್ನು ದೂರದಿಂದ ನೋಡಿ, ಇದು ಕುದುರೆಯ ಮೋರೆ ಕಣಯ್ಯ ಎಂದರು. ಕುದುರೆಮುಖವಾಯಿತು. ಇತ್ತ ಮೂಡಿಗೆರೆಯ ಭೈರಾಪುರದ ಕಡೆ ಹುಲ್ಲುಗುಡ್ಡದ ಮೇಲೆ ಎದ್ದು ನಿಂತ ಬಂಡೆಯನ್ನು ನೋಡಿ, ನೊಗಕ್ಕೆ ಹೆಗಲು ಕೊಡುವ ಎತ್ತಿನ ಹಾಗಿದೆ ಎಂದರು. ಎತ್ತಿನಭುಜವಾಯಿತು. ಯಶೋಧರ ‘ಸಾದೃಶ್ಯ’ ಅಂದದ್ದು ಇದನ್ನೇ ಇರಬೇಕು. ಈಗ ಅದೇ ಎತ್ತಿನಭುಜದ ಕೆಳಗಿನ ಊರುಗಳ ಮಕ್ಕಳು ಸ್ಕೇಲ್ ಇಟ್ಟು ಗುಡ್ಡ ಎಳೆಯುತ್ತಾರೆ. 2019ರ ಆಗಸ್ಟಿನ ಮಳೆಗೆ ಮೂಡಿಗೆರೆ ತಾಲ್ಲೂಕಿನಲ್ಲಿ ಗುಡ್ಡಗಳೇ ಜರಿದು ಮನೆ, ತೋಟ ಹೂತು ಹೋದವು. ಹಸಿರಿನ ನಡುವೆ ಮಣ್ಣಿನ ಕೆಂಪು ಗಾಯಗಳು ಉದ್ದಕ್ಕೆ ಬಾಯಿ ತೆರೆದು ನಿಂತವು. ಅದೂ ಹಾಳೆಗೆ ಇಳಿದಿರಲಿಲ್ಲ. ತ್ರಿಕೋನಗಳು ಜರಿಯುವುದಿಲ್ಲ.

ಹಕ್ಕಿಗಳ ಕಥೆಯೂ ಅಷ್ಟೆ. ತೇಜಸ್ವಿ ಕ್ಯಾಮೆರಾ ಹಿಡಿದು ಹಕ್ಕಿಗಳ ಹಿಂದೆ ಅಲೆದ ತಾಲ್ಲೂಕು ಇದು. ಅವರ ‘ಕರ್ವಾಲೊ’ ಕಾದಂಬರಿ 1980ರಲ್ಲಿ ಬಂತು. ಒಂದು ಹಾರುವ ಓತಿಯನ್ನು ಕಣ್ಣಾರೆ ಕಾಣಬೇಕೆಂದು ಒಂದು ದಂಡೇ ಕಾಡು ಹೊಗುತ್ತದೆ ಅದರಲ್ಲಿ. ಆ ಓತಿ ಮರದ ತೊಗಟೆಗೆ ಅಂಟಿ ಕೂತರೆ ತೊಗಟೆಯೇ ಆಗಿಬಿಡುತ್ತದೆ. ಮೈವಳಿಕೆಗೆ ಅದಕ್ಕಿಂತ ಒಳ್ಳೆಯ ಪಾಠ ಯಾವ ಗೈಡಿನಲ್ಲೂ ಸಿಗದು. ಪುಸ್ತಕ ಶಾಲೆಯ ಲೈಬ್ರರಿಯಲ್ಲಿದೆ. ಬೀರುವಿನ ಬೀಗದ ಕೈ ಹೆಡ್‌ಮೇಷ್ಟ್ರ ಹತ್ತಿರ ಇದೆ.

ಮಕ್ಕಳಿಗೆ ಏನೂ ಗೊತ್ತಿಲ್ಲ ಎಂದುಕೊಳ್ಳಬೇಡಿ. ಶಾಲೆಯಿಂದ ಎರಡು ಫರ್ಲಾಂಗು ನಡೆದರೆ ಅರೇಬಿಕಾ ಕೊಯ್ಲು ನಡೆಯುತ್ತಿತ್ತು. ಒಂದೇ ಗೊಂಚಲಿನಲ್ಲಿ ಹಸಿರು ಕಾಯಿ, ಹಸಿರು ಬಿಟ್ಟು ಹಳದಿಗೆ ತಿರುಗಿದ್ದು, ಹಳದಿಯೊಳಗೆ ಕೆಂಪು ಸುರುವಾದದ್ದು, ಪೂರಾ ಕೆಂಪು, ಕೆಂಪು ಮೀರಿ ಕಪ್ಪಿಟ್ಟದ್ದು, ಎಲ್ಲ ಒತ್ತೊತ್ತಿಗೆ ಕೂತಿರುತ್ತವೆ. ಕೊಯ್ಯುವ ಹೆಂಗಸಿನ ಬೆರಳು ಹಣ್ಣಾದದ್ದನ್ನು ಮಾತ್ರ ಬಿಡಿಸಿ, ಪಕ್ಕದ್ದನ್ನು ಮುಟ್ಟದೆ ಮುಂದಿನ ರೆಂಬೆಗೆ ಹೋಗುತ್ತದೆ. ಮಾತು ನಿಲ್ಲುವುದಿಲ್ಲ, ಕಣ್ಣು ತಪ್ಪುವುದಿಲ್ಲ. ಹಸಿರು ಕಾಯಿ ಬೆರೆತರೆ ಸಂಜೆ ಅಳತೆಯಲ್ಲಿ ತೋಟದ ರೈಟರು ಎಲ್ಲರೆದುರು ಬೈಯುತ್ತಾರೆ. ವರ್ಣಿಕಾಭಂಗವನ್ನು ದಿನಗೂಲಿಗೆ ಮಾಡುವ ಈ ಹೆಂಗಸರ ಮಕ್ಕಳಿಗೆ ಕ್ಲಾಸಿನಲ್ಲಿ ‘ಪ್ರಾಥಮಿಕ ಬಣ್ಣಗಳು ಮೂರು’ ಎಂದು ಹತ್ತು ಸಲ ಬರೆಸುತ್ತಾರೆ.

ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರಿನಿಂದ ಇಳಿದ ಬೀಜದ ಲೋಳೆ ಬಿಟ್ಟಿದೆಯೋ ಇಲ್ಲವೋ ನೋಡಲು ತೋಟದವರು ಮಿಷನ್ನು ತರುವುದಿಲ್ಲ. ತೊಟ್ಟಿಗೆ ಕೈಹಾಕಿ ಒಂದು ಹಿಡಿ ತೆಗೆದು ಅಂಗೈಯಲ್ಲಿ ಉಜ್ಜುತ್ತಾರೆ. ಜಾರಿದರೆ ಇನ್ನೂ ಇರಲಿ, ಮರಳಿನ ಹಾಗೆ ಗರಗರ ಅಂದರೆ ತೊಳೆಯಿರಿ. ನೆರಳು ಮರದ ಕೊಂಬೆ ಸವರುವ ಮರಗಸಿಗೆ ಹತ್ತಿದವನನ್ನು ನೋಡಿದ್ದೀರಾ? ಸೊಂಟಕ್ಕೆ ಹಗ್ಗ, ಕೈಯಲ್ಲಿ ಕತ್ತಿ. ಎಷ್ಟು ಎತ್ತರದ ಮರವೋ ಅಷ್ಟು ಎತ್ತರದಿಂದ ಕೆಳಗಿನ ಗಿಡಗಳನ್ನು ನೋಡಿ, ಈ ಕೊಂಬೆ ಹೋಗಲಿ, ಆ ಕೊಂಬೆ ಇರಲಿ ಎಂದು ನಿರ್ಧರಿಸುತ್ತಾನೆ. ಗಿಡದ ಮೇಲೆ ಬಿಸಿಲು ಚುಕ್ಕಿ ಚುಕ್ಕಿಯಾಗಿ ಬೀಳಬೇಕು, ಹೆಚ್ಚಾದರೆ ಎಲೆ ಸುಡುತ್ತದೆ, ಕಡಿಮೆಯಾದರೆ ಹೂವು ಕೈಕೊಡುತ್ತದೆ. ಡೌ ಹೇಳಿದ ನೋತಾನ್ ಅಂದರೆ ಹೆಚ್ಚುಕಡಿಮೆ ಇದೇ, ಆದರೆ ಡೌ ಯಾವತ್ತೂ ಮರದಿಂದ ಬಿದ್ದು ಸೊಂಟ ಮುರಿದುಕೊಂಡಿರಲಾರ. ಮರಗಸಿಯವನ ಮಗ ನನ್ನೆದುರಿಗೆ ಕೂತು ‘ಛಾಯೆ ಎಂದರೆ ಬಣ್ಣದ ಗಾಢತೆ’ ಎಂದು ಉರು ಹೊಡೆಯುತ್ತಿದ್ದ.

ಘಟ್ಟದ ಕೆಳಗೆ ಉಡುಪಿ ಹತ್ತಿರದ ಕಟ್ಟಿಂಗೇರಿಯಲ್ಲಿ ಹುಟ್ಟಿದ ಚಿತ್ರಕಲಾವಿದ ಕೆ.ಕೆ. ಹೆಬ್ಬಾರರು ಗೆರೆಗೆ ಲಯ ಬರಲೆಂದು ಕಥಕ್ ಕಲಿತವರು. ತಮ್ಮ ರೇಖಾಚಿತ್ರಗಳ ಪುಸ್ತಕಕ್ಕೆ ಅವರು ಇಟ್ಟ ಇಂಗ್ಲಿಷ್ ಹೆಸರಿನಲ್ಲಿ ಗೆರೆ ಹಾಡುತ್ತದೆ. ನಮ್ಮ ಶಾಲೆಯಲ್ಲಿ ಗೆರೆಗೆ ಒಂದು ಅಂಕ. ಹಾಡಿದರೆ ಹೊರಗೆ ನಿಲ್ಲಿಸುತ್ತಾರೆ.

ಇಷ್ಟೆಲ್ಲ ಯೋಚಿಸುತ್ತ 41 ಹಾಳೆ ಮಗುಚಿದ್ದಾಯಿತು. ಕೊನೆಯದು ಮೂರನೇ ಬೆಂಚಿನ ಹುಡುಗಿಯದು. ಸೂರ್ಯ ಇರಲಿಲ್ಲ. ಮುಂದಿನ ಗುಡ್ಡ ಕಡುಹಸಿರು, ಅದರ ಹಿಂದಿನದು ಹಸಿರು ಬೆರೆತ ನೀಲಿ, ಅದರಾಚೆಯದು ಬರೀ ನೀಲಿ, ಕೊನೆಯದು ನೀರು ಹೆಚ್ಚಾಗಿ ಆಕಾಶದೊಳಗೆ ಇಂಗಿ ಹೋದಂತಿತ್ತು. ಗುಡ್ಡದ ಬುಡದಲ್ಲಿ ಕಂದು ಪೆನ್ಸಿಲಿನಲ್ಲಿ ಉದ್ದಕ್ಕೊಂದು ಗೆರೆ. ಗೆರೆಯ ಮೇಲೆ ಒಂದೇ ಕಡೆ ಹೊಗೆ.

ನನ್ನ ಜೊತೆ ಇನ್ನೊಬ್ಬ ತೀರ್ಪುಗಾರರಿದ್ದರು. ಬಹುಮಾನಕ್ಕೆ ದುಡ್ಡು ಕೊಟ್ಟ ಸಾಹುಕಾರರು. ಹಾಳೆ ಕೈಗೆತ್ತಿಕೊಂಡು, “ಗುಡ್ಡ ಎಲ್ಲಾದರೂ ನೀಲಿ ಇರ್ತದಾ ಸಾರ್? ಪಾಪ, ಹಸಿರು ಬಣ್ಣ ಖಾಲಿಯಾಗಿರಬೇಕು” ಅಂದರು. ದೂರ ಹೆಚ್ಚಿದಂತೆ ನಡುವಿನ ಗಾಳಿ ನೀಲಿ ಬೆಳಕನ್ನು ಚೆದುರಿಸುತ್ತದೆ, ಅದಕ್ಕೆ ದೂರದ ಬೆಟ್ಟ ನೀಲಿ ಕಾಣುತ್ತದೆ, ಐದು ನೂರು ವರ್ಷದ ಹಿಂದೆ ಲಿಯೊನಾರ್ಡೊ ದ ವಿಂಚಿ ಇದನ್ನೇ ಶಿಷ್ಯರಿಗೆ ಹೇಳಿದ್ದಾನೆ, ಅಷ್ಟೇಕೆ, ಹತ್ತಿರ ಹೋದರೆ ಹಸಿರಾಗಿರುವ ಒಂದು ಬೆಟ್ಟಸಾಲಿಗೆ ನಮ್ಮವರೇ ನೀಲಗಿರಿ ಎಂದು ಹೆಸರಿಟ್ಟಿದ್ದಾರೆ ಎಂದೆಲ್ಲ ಹೇಳಬೇಕೆಂದು ಬಾಯಿ ತೆರೆದೆ. ಅವರ ಹೋಂಸ್ಟೇ ಬೋರ್ಡಿನಲ್ಲೂ ಗುಡ್ಡಕ್ಕೆ ನೀಲಿಯನ್ನೇ ಬಳಿದಿದ್ದು ನೆನಪಿಗೆ ಬಂತು. ಬೋರ್ಡು ಬರೆದವನು ಬೆಂಗಳೂರಿನವನು. ಅವನಿಗೆ ನೀಲಿ ಬಳಿಯುವ ಅಧಿಕಾರವಿದೆ. ಅಷ್ಟರಲ್ಲಿ ಕಾಫಿ ಬಂತು. ಬಾಯಿ ತೆರೆದದ್ದಕ್ಕೆ ಅದನ್ನೇ ಕುಡಿದೆ.

ಮೊದಲ ಬಹುಮಾನ ಇನ್ನೊಂದು ಹಾಳೆಗೆ ಹೋಯಿತು. ಎರಡು ಅಂಗೈ, ಅಂಗೈಯಲ್ಲಿ ಭೂಗೋಳ, ಭೂಗೋಳದ ನೆತ್ತಿಯಲ್ಲಿ ಒಂದು ಸಸಿ, ಕೆಳಗೆ ‘ಹಸಿರೇ ಉಸಿರು’. ಆ ಕೈಗಳು ಯಾರವೆಂದು ರಾಜ್ಯದಲ್ಲಿ ಯಾರಿಗೂ ತಿಳಿಯದು. ಮೊಣಕೈಯಿಂದ ಆಚೆ ಆ ಮನುಷ್ಯನನ್ನು ಯಾರೂ ಬರೆದಿಲ್ಲ. ‘ನಮ್ಮೂರಿನ ಪ್ರಕೃತಿ’ಗೆ ಇಡೀ ಭೂಮಂಡಲವೇ ಬಂದಿದೆಯಲ್ಲ ಎಂದು ನಾನೇ ಶಿಫಾರಸು ಮಾಡಿ ರುಜು ಹಾಕಿದೆ. ರುಜು ಚೆನ್ನಾಗಿ ಬಂತು. ನನಗೆ ಬರುವ ರೇಖಾಚಿತ್ರ ಅದೊಂದೇ.

ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು. ಸ್ಟಾಫ್ ರೂಮಿನಲ್ಲಿ ಮೆಣಸಿನಕಾಯಿ ಬಜ್ಜಿ. ಪೇಪರ್ ಪ್ಲೇಟು ಮುಗಿದಿತ್ತು. ಪಿ.ಟಿ. ಮೇಷ್ಟ್ರು ಚುರುಕಿನ ಮನುಷ್ಯ, ಬಹುಮಾನ ಬಾರದ ಹಾಳೆಗಳನ್ನು ಬೋರಲು ಹಾಕಿ ಬಿಳಿ ಬದಿಯ ಮೇಲೆ ಎರಡೆರಡು ಬಜ್ಜಿ ಇಟ್ಟು ಹಂಚಿದರು. ತಿನ್ನುತ್ತಾ ತಿನ್ನುತ್ತಾ ಎಣ್ಣೆ ಹೀರಿದ ಕಡೆ ನನ್ನ ಹಾಳೆ ತೆಳ್ಳಗಾಯಿತು. ಆಚೆ ಬದಿಯ ನೀಲಿ ಈಚೆಗೆ ಮೂಡಿತು, ಒಂದರ ಹಿಂದೆ ಒಂದು. ಅದರ ಕೆಳಗೆ ಉದ್ದಕ್ಕೊಂದು ಲೈನು.

“ಇನ್ನೊಂದು ಹಾಕ್ಲಾ ಸಾರ್?” ಎಂದರು ಮೇಷ್ಟ್ರು.

ಹಾಕಿ ಅಂದೆ. ಎಲ್ಲಿ ಹಾಕಬೇಕೆಂದು ಬೆರಳಿಟ್ಟು ತೋರಿಸಿದೆ, ಸರಿಯಾಗಿ ಆ ಹೊಗೆಯ ಮೇಲೆ.